ಜರೀನಾ ಗೆರೆ

ಬಾಗಲಕೋಟೆಯ ನವನಗರದಾಚೆಗಿನ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ ಜರೀನಾಳ ರಕ್ತಕ್ಕೆ ಭಾರಿ ಮರ್ಯಾದೆಯಿತ್ತು. ಹಾಡಿನಿಂದ ಹೆಸರು ಮಾಡಿದವರಿದ್ದಾರೆ, ಅಡುಗೆಯಿಂದ ಹೆಸರು ಮಾಡಿದವರಿದ್ದಾರೆ. ಈಕೆ ಬೆರಳ ತುದಿಯ ಒಂದು ಹನಿ ರಕ್ತದಿಂದ ಹೆಸರು ಮಾಡಿದ್ದಳು.

ಅಲ್ಲಿ ನಡೆಯುತ್ತಿದ್ದ ಕೆಲಸ ಇಷ್ಟೇ. ಹೆಬ್ಬೆರಳ ಉಗುರಿನಷ್ಟಗಲದ ಒಂದು ಪಾರದರ್ಶಕ ಚಿಪ್, ಅದರೊಳಗೆ ಕೂದಲಿಗಿಂತ ಸಣ್ಣ ಕಾಲುವೆ. ಹನಿ ರಕ್ತವನ್ನು ಉಪ್ಪುನೀರಿನಲ್ಲಿ ತೆಳುವಾಗಿಸಿ ಬಿಟ್ಟರೆ ರಕ್ತಕಣಗಳು ಒಂದರ ಹಿಂದೊಂದು, ಸಾಲೆಯ ಮಕ್ಕಳು ಪ್ರಾರ್ಥನೆಗೆ ಹೊರಟ ಹಾಗೆ, ಆ ಕಾಲುವೆಯಲ್ಲಿ ಸಾಗುತ್ತವೆ. ಮೇಲಿನ ಕ್ಯಾಮೆರಾ ಒಂದೊಂದನ್ನೂ ಅಳೆದು ಪರದೆಯ ಮೇಲೆ ಗುಡ್ಡದಂಥ ಗೆರೆ ಬರೆಯುತ್ತದೆ. ಕಣಗಳು ಸಣ್ಣವಿದ್ದರೆ ಗುಡ್ಡ ಎಡಕ್ಕೆ ಸರಿಯುತ್ತದೆ, ದೊಡ್ಡವಿದ್ದರೆ ಬಲಕ್ಕೆ. ಎತ್ತ ಸರಿದರೂ ರಕ್ತದಲ್ಲಿ ಏನೋ ಕೊರತೆಯೆಂದೇ ಅರ್ಥ. ರಕ್ತಹೀನತೆ ಇರುವ ಮಕ್ಕಳನ್ನು ಸಾಲೆಯ ಕಟ್ಟೆಯ ಮೇಲೆಯೇ ಕಂಡುಹಿಡಿಯುವ ಯಂತ್ರ ಇದಾಗಬೇಕು ಎಂದು ಅನಿಲಕುಮಾರ ಸರ್ ಊಟ ನಿದ್ದೆ ಬಿಟ್ಟಿದ್ದರು. ಅವರ ಕೈಕೆಳಗೆ ಸಂಶೋಧನೆ ಮಾಡುವ ರೋಹಿಣಿ, ಟೆಕ್ನಿಷಿಯನ್ ಜರೀನಾ, ಜವಾನ ಕಲ್ಲೇಶ. ಇಷ್ಟೇ ಸಂಸಾರ.

ಜರೀನಾ ಗುಡೂರಿನವಳು. ಹುನಗುಂದದಲ್ಲಿ ಬಿ.ಎಸ್ಸಿ. ಮುಗಿಸಿ, ಪ್ರಯೋಗಾಲಯದ ಬಾಗಿಲು ತೆರೆದ ವರ್ಷವೇ ಕೆಲಸಕ್ಕೆ ಸೇರಿದಳು. ಧೂಳಿನ ಒಂದು ಕಣ ಕಾಲುವೆಗೆ ಬಿದ್ದರೂ ಚಿಪ್ ಸತ್ತಂತೆ, ಬಾಗಲಕೋಟೆಯ ಬೇಸಿಗೆಯಲ್ಲಿ ಧೂಳಿಗೇನು ಬರವೇ? ಸ್ಕಾರ್ಫಿನ ಮೇಲೊಂದು ಟೋಪಿ, ಮೈಮೇಲೆ ಬಿಳಿ ಕೋಟು ಏರಿಸಿಕೊಂಡು, ಒಳಕೋಣೆಗೆ ಹೊಕ್ಕರೆ ಆಕೆಗೆ ಹೊರಗಿನ ಪರಿವೆಯೇ ಇರುತ್ತಿರಲಿಲ್ಲ. ಚಿಪ್ ಅಚ್ಚು ಹಾಕುವುದು, ಗಾಜಿಗೆ ಅಂಟಿಸುವುದು, ಸೂಜಿಯಂಥ ನಳಿಕೆ ಜೋಡಿಸುವುದು, ಎಲ್ಲವೂ ಕೈಗೆ ಕೂತಿತ್ತು.

ಹೊಸ ಚಿಪ್ ತಯಾರಾದಾಗೆಲ್ಲ ಅದು ಸರಿಯಾಗಿ ಅಳೆಯುತ್ತದೋ ಇಲ್ಲವೋ ಎಂದು ನೋಡಲು ಆರೋಗ್ಯವಂತರ ರಕ್ತ ಬೇಕು. ದವಾಖಾನೆಗೆ ಅರ್ಜಿ ಹಾಕಿ, ಮಂಜೂರಾತಿ ತಂದು, ಐಸ್ ಪೆಟ್ಟಿಗೆಯಲ್ಲಿ ಹೊತ್ತು ತರುವಷ್ಟರಲ್ಲಿ ಚಿಪ್ಪೇ ಹಳತಾಗುತ್ತದೆ. ಹೀಗಾಗಿ ಇಂಥ ಕಡೆ ಎಲ್ಲರೂ ಮಾಡುವುದನ್ನೇ ಇವರೂ ಮಾಡಿದರು. ಹತ್ತಿರವಿದ್ದವರ ಬೆರಳು ಚುಚ್ಚಿದರು. ಸರ್ ಅವರಿಗೆ ಸಕ್ಕರೆ ಕಾಯಿಲೆ, ರೋಹಿಣಿಗೆ ಸೂಜಿ ಕಂಡರೆ ತಲೆಸುತ್ತು, ಕಲ್ಲೇಶ ಕರೆಯುವ ಹೊತ್ತಿಗೆ ಚಹಾಕ್ಕೆ ಹೋಗಿರುತ್ತಿದ್ದ. ಉಳಿದವಳು ಜರೀನಾ. ಗಟ್ಟಿಮುಟ್ಟಾದ ಹೆಂಗಸು, ಒಂದು ದಿನ ನೆಗಡಿ ಎಂದು ರಜೆ ಹಾಕಿದವಳಲ್ಲ. ಅವಳ ರಕ್ತ ಎಲ್ಲಿ ಗುಡ್ಡ ಬರೆಯಿತೋ ಅಲ್ಲಿ ರೋಹಿಣಿ ಹಸಿರು ಗೆರೆ ಎಳೆದಳು. ಆರೋಗ್ಯ ಎಂದರೆ ಇದು. ಎಲ್ಲರೂ ಅದನ್ನು ಜರೀನಾ ಗೆರೆ ಎಂದು ಕರೆದರು.

ಈಕೆಯೂ ಸ್ವಲ್ಪ ಉಬ್ಬಿದಳು, ಸುಳ್ಳೇಕೆ ಹೇಳಬೇಕು. ಮನೆಗೆ ಹೋಗಿ ಗಂಡ ರಿಜ್ವಾನನ ಮುಂದೆ, ಬಾಗಲಕೋಟಿ ಜಿಲ್ಲಾದ ಮಂದಿ ಎಲ್ಲಾ ನನ್ನ ರಕ್ತದ ಲೆಕ್ಕದಾಗ ಅಳತಿ ಮಾಡಿಸ್ಕೋಬೇಕು ನೋಡ, ಎಂದು ಮೆರೆಯುತ್ತಿದ್ದಳು. ರಿಜ್ವಾನ ಅವಳ ಸೋದರತ್ತೆ ಸುಗರಾಳ ಮಗ. ಸಣ್ಣವರಿದ್ದಾಗಿನಿಂದ ನೀನು ಎಂದೇ ಕರೆದುಕೊಂಡು ಬೆಳೆದವರು, ಮದುವೆಯಾದ ಮೇಲೂ ಆ ಚಾಳಿ ಬಿಡಲಿಲ್ಲ. ನವನಗರದಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟಿದ್ದ. ಬಾಯಿ ಬಹಳ, ಎದೆ ಮೆತ್ತಗೆ.

ಮದುವೆಯಾಗಿ ನಾಲ್ಕು ವರ್ಷಕ್ಕೆ ಜರೀನಾ ಬಸುರಿಯಾದಳು. ನಾಲ್ಕನೇ ತಿಂಗಳು ಹಿಡಿದಾಗ ಪ್ರಯೋಗಾಲಯದಲ್ಲಿ ಹೇಳಿದಳು. ಅನಿಲಕುಮಾರ ಸರ್ ಪೇಢೆ ತರಿಸಿದರು. ರೋಹಿಣಿ ಹಿರಿಯಳ ಹಾಗೆ ಅಪ್ಪಣೆ ಮಾಡಿದಳು.

"ಇನ್ನ ಮ್ಯಾಲೆ ಅಕ್ಕಾರ ಬೆರಳಿಗೆ ಸೂಜಿ ಹಚ್ಚಂಗಿಲ್ಲ. ನಾವು ಕೊಡೂಣು. ನಂಗ ತಲಿ ತಿರುಗಿದ್ರ ತಿರುಗವಲ್ದ್ಯಾಕ."

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಅದರಿಂದಲೇ ಎಲ್ಲ ಶುರುವಾಯಿತು.

ಕುಳಗೇರಿ ಕ್ರಾಸಿನ ಸಾಲೆಯಲ್ಲಿ ಮೊದಲ ತಪಾಸಣೆ ಎಂದು ನಿಗದಿಯಾಗಿತ್ತು. ಅದಕ್ಕೆಂದು ಮಾಡಿದ ಚಿಪ್ಪುಗಳಿಗೆ ರೋಹಿಣಿ ತನ್ನ ರಕ್ತ ಬಿಟ್ಟಳು. ಗುಡ್ಡ ಹಸಿರು ಗೆರೆಯ ಮೇಲೆ ಕೂಡಲಿಲ್ಲ, ಬಲಕ್ಕೆ ಹೋಗಿ ನಿಂತಿತು. ಚಿಪ್ ಕೆಟ್ಟಿದೆ ಎಂದು ಬೇರೆಯದನ್ನು ಹಾಕಿದರು. ಅದರಲ್ಲೂ ಹಾಗೆಯೇ. ಕಲ್ಲೇಶನನ್ನು ಚಹಾದ ಅಂಗಡಿಯಿಂದ ಎಳೆದು ತಂದು ಚುಚ್ಚಿದರು. ಅವನ ಗುಡ್ಡವೂ ಬಲಕ್ಕೆ. ಸರ್ ತಮ್ಮದನ್ನೂ ಬಿಟ್ಟು ನೋಡಿದರು. ಅದೂ ಅಲ್ಲೇ.

"ಹಂಗಾರ ನನಗ ಏನರ ಐತೇನ್ರಿ?" ಎಂದು ಕಲ್ಲೇಶ ಕುರ್ಚಿಯ ಮೇಲೆ ಕುಸಿದ. "ಮನ್ಯಾಗ ಸಣ್ಣ ಹುಡುಗ್ರ ಅದಾವ್ರಿ ಸರ್."

ಯಾರಿಗೂ ಏನೂ ಆಗಿಲ್ಲ, ಯಂತ್ರ ಹಾದಿ ತಪ್ಪಿದೆ, ಎಂದು ಸರ್ ಗದರಿದರು. ಪಂಪ್ ಬಿಚ್ಚಿದರು, ಕ್ಯಾಮೆರಾ ಬದಲಿಸಿದರು, ಉಪ್ಪುನೀರು ಹೊಸದಾಗಿ ಕಲಸಿದರು, ಅಚ್ಚನ್ನೇ ಮತ್ತೆ ಕೊರೆದರು. ಇಡೀ ವಾರ ಇದೇ ಗೋಳು. ಗುಡ್ಡ ಹಟ ಹಿಡಿದ ಎಮ್ಮೆಯ ಹಾಗೆ ಬಲಕ್ಕೇ ನಿಂತಿತ್ತು. ಕೊನೆಗೆ ಜರೀನಾ ತಾನೇ ಬೆರಳು ಮುಂದೆ ಚಾಚಿದಳು.

"ಒಂದು ಹನಿಗೆ ಏನಾಗ್ತೈತ್ರಿ? ಚಿಪ್ ಕೆಟ್ಟೈತೋ ಇಲ್ಲೋ ತಿಳೀತೈತಿ."

ಅವಳ ರಕ್ತ ಕಾಲುವೆಗೆ ಇಳಿಯಿತು. ಗುಡ್ಡ ನಿಧಾನವಾಗಿ ಎದ್ದು ಹಸಿರು ಗೆರೆಯ ಮೇಲೆ ನೆಟ್ಟಗೆ ಕೂತಿತು. ರೋಹಿಣಿ ಚಪ್ಪಾಳೆ ತಟ್ಟಿದಳು. ಚಿಪ್ಪಿಗೆ ಏನೂ ಆಗಿರಲಿಲ್ಲ. ಒಂದು ಗಳಿಗೆ ಎಲ್ಲರೂ ನಕ್ಕರು, ಆಮೇಲೆ ಒಬ್ಬೊಬ್ಬರೇ ನಗುವುದನ್ನು ನಿಲ್ಲಿಸಿದರು. ಚಿಪ್ ಸರಿಯಿದ್ದರೆ ರೋಹಿಣಿ, ಕಲ್ಲೇಶ, ಸರ್, ಮೂವರೂ ರೋಗಿಗಳಾಗಬೇಕು. ಮೂವರೂ ಒಂದೇ ಜಾಗದಲ್ಲಿ, ಒಂದೇ ಅಳತೆಗೆ ರೋಗಿಗಳಾಗುವುದುಂಟೇ? ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಮೂರು ವರ್ಷ ಅವರು ಆರೋಗ್ಯ ಎಂದುಕೊಂಡು ಪೂಜೆ ಮಾಡಿದ್ದು ಆರೋಗ್ಯವೇ ಆಗಿರಲಿಲ್ಲ. ಕಲಿತವರ ಕಣ್ಣಿಗೆ ಕಟ್ಟಿದ ಪಟ್ಟಿ ಬಲು ಗಟ್ಟಿ ಇರುತ್ತದೆ. ಕುಳಗೇರಿ ಕ್ರಾಸಿಗೆ ಹೋಗಿದ್ದರೆ ಚೆನ್ನಾಗಿದ್ದ ಮಕ್ಕಳಿಗೆ ಗುಳಿಗೆ ಕೊಟ್ಟು, ರಕ್ತ ಕಡಿಮೆಯಿದ್ದವರ ಬೆನ್ನು ತಟ್ಟಿ ಬರುತ್ತಿದ್ದರು.

ಸರ್ ಕುರ್ಚಿ ಎಳೆದುಕೊಂಡು ಜರೀನಾಳ ಎದುರು ಕೂತರು. ಬಹಳ ಮೆತ್ತಗೆ ಮಾತಾಡಿದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದೇ ಅವಳಿಗೆ ಹೆಚ್ಚು ಭಯ ತಂದಿತು.

"ನಿಮ್ಮ ಕಣ ಸಣ್ಣ ಅದಾವ್ರಿ ಜರೀನಾ. ಕಬ್ಬಿಣಾಂಶ ಕಡಿಮಿ ಇದ್ದರೂ ಹಿಂಗ ಆಗ್ತೈತಿ, ಅದೇನು ದೊಡ್ಡ ಮಾತಲ್ಲ. ಇನ್ನೊಂದು, ಥಲಸ್ಸೇಮಿಯಾ ಅಂತ ಐತಿ, ಮನೆತನದಾಗ ಬರೋದು. ತಂದಿ ತಾಯಿ ಪೈಕಿ ಒಬ್ರಿಂದಷ್ಟ ಬಂದ್ರ, ಬಂದವರಿಗೆ ಗೊತ್ತ ಆಗಂಗಿಲ್ಲ, ನೂರು ವರ್ಷ ಇರ್ತಾರ." ತಡೆದು ಕೇಳಿದರು, "ನಿಮ್ಮ ಯಜಮಾನ್ರು ಸಂಬಂಧದಾಗಿನವರೇನ್ರಿ?"

"ನಮ್ಮ ಫುಪ್ಪು ಮಗ್ರಿ. ಅಪ್ಪನ ಸ್ವಂತ ತಂಗಿ ಮಗ."

"ಅವರಿಗೂ ಇದ್ದರ, ನಾಕು ಕೂಸಿನಾಗ ಒಂದಕ್ಕ ಜಡ್ಡು ಬರಬಹುದು. ಅವರಿಗೆ ಇರಲಿಲ್ಲ ಅಂದ್ರ ಕೂಸಿಗೆ ಏನೂ ಆಗಂಗಿಲ್ಲ. ನಮ್ಮ ಚಿಪ್ ದವಾಖಾನಿ ರಿಪೋರ್ಟ್ ಅಲ್ಲ. ಇವತ್ತ ಹೋಗಿ ಇಬ್ರೂ ರಕ್ತ ಕೊಡ್ರಿ, ಮುಂದ ನೋಡೂಣು."

ಜರೀನಾ ತಲೆಯಾಡಿಸಿದಳು. ಅವಳ ಕಿವಿಯಲ್ಲಿ ಮಾತು ಅರ್ಧ ಇಳಿದಿತ್ತು, ಉಳಿದರ್ಧಕ್ಕೆ ಅಡ್ಡ ಬಂದದ್ದು ಶಾಹಿದನ ನೆನಪು.

ಶಾಹಿದ ರಿಜ್ವಾನನ ತಮ್ಮ. ಬಿಳಚಿಕೊಂಡ ಮುಖ, ಉಬ್ಬಿದ ಹೊಟ್ಟೆ. ಗುಡೂರಿನ ಓಣಿಯಲ್ಲಿ ಉಳಿದವರು ಓಡುವಾಗ ಅವನು ಕಟ್ಟೆಯ ಮೇಲೆ ಕೂತು ಸೋತವರ ಹೆಸರು ಕೂಗುತ್ತಿದ್ದ. ಸುಗರಾ ಅವನನ್ನು ಸೊಂಟದ ಮೇಲೆ ಹೊತ್ತು ತಿಂಗಳು ತಿಂಗಳು ಬಸ್ಸು ಹತ್ತುತ್ತಿದ್ದಳು, ರಕ್ತದ ಬಾಟಲಿ ಏರಿಸಿಕೊಂಡು ಬರುತ್ತಿದ್ದಳು. ಮೈಯಾಗ ರಕ್ತ ನಿಲ್ಲಂಗಿಲ್ಲ ಅನ್ನುವುದಷ್ಟೇ ಮನೆಯಲ್ಲಿ ತಿಳಿದ ರೋಗದ ಹೆಸರು. ಏಳು ತುಂಬುವ ಮೊದಲೇ ಹೋದ. ಅಂದಿನಿಂದ ಯಾರಾದರೂ ಅವನ ಹೆಸರೆತ್ತಿದರೆ ಸುಗರಾ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಅವಳ ಮುಂದೆ ಯಾರೂ ಎತ್ತುವುದಿಲ್ಲ.

ಶಾಹಿದನ ಜಡ್ಡು ಮತ್ತು ತನ್ನ ಹಸಿರು ಗೆರೆ ಒಂದೇ ಕಡೆಯಿಂದ ಬಂದಿರಬಹುದು ಎಂದು ಹೊಳೆದಾಗ ಜರೀನಾ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಿಳಿ ಕೋಟಿನ ಮೇಲೆಯೇ ಹೊಟ್ಟೆ ಹಿಡಿದುಕೊಂಡು ನಿಂತಳು. ಒಳಗಿನ ಜೀವ ಇನ್ನೂ ಮಿಸುಕಾಡಲು ಶುರುಮಾಡಿರಲಿಲ್ಲ. ಇದಕ್ಕೂ ತಿಂಗಳು ತಿಂಗಳು ಬಾಟಲಿಯೇ? ಅಳಬೇಕೆಂದರೆ ಅಳುವೂ ಬರಲೊಲ್ಲದು.

ಸಂಜೆ ದವಾಖಾನೆಯಲ್ಲಿ ತನ್ನ ರಕ್ತ ಕೊಟ್ಟಳು. ರಿಪೋರ್ಟಿಗೆ ವಾರ ಬೇಕು ಎಂದರು. ರಿಜ್ವಾನನಿಗೆ ಏನು ಹೇಳುವುದು? ಹೇಳಿದರೆ ಅವನು ರಾತ್ರಿಯೇ ತಾಯಿಗೆ ಫೋನು ಹಚ್ಚುತ್ತಾನೆ, ಸುಗರಾ ಊರಲ್ಲಿ ಒಬ್ಬಳೇ ಕೂತು ಸಾಯುತ್ತಾಳೆ. ಅವನ ರಕ್ತ ಬಲಕ್ಕೆ ಬಂದುಬಿಟ್ಟರೆ ಯಾರಿಗೂ ಏನೂ ಹೇಳುವ ಅಗತ್ಯವೇ ಇಲ್ಲ. ಹೀಗೆ ಲೆಕ್ಕ ಹಾಕಿ, ವಾರ ಕಾಯುವ ಎದೆಯಿಲ್ಲದೆ, ಮರುದಿನವೇ ಅವನನ್ನು ಪ್ರಯೋಗಾಲಯಕ್ಕೆ ಕರೆದಳು. ನಮ್ಮ ಸರ್ ಹೊಸ ಮಂದಿ ರಕ್ತ ಬೇಕಂದಾರ, ಬಂದು ಹೋಗ, ಎಂದಷ್ಟೇ ಹೇಳಿದಳು.

ರಿಜ್ವಾನ ಕೈಗೆ ಹತ್ತಿದ ಗ್ರೀಸು ಒರೆಸುತ್ತ ಬಂದ. ಸೂಜಿ ಕಂಡು ಮುಖ ಆಚೆ ತಿರುಗಿಸಿದ.

"ಹಗೂರಕ ಚುಚ್ಚ. ನಾಳೆ ಇದ ಬೆರಳಿಂದ ದುಡೀಬೇಕ ನಾ."

ಇದೇ ಮೊದಲ ಸಲ ಜರೀನಾಳ ಕೈಯಿಂದ ನಳಿಕೆ ಜಾರಿತು. ರೋಹಿಣಿ ಬಂದು ಜೋಡಿಸಿಕೊಟ್ಟಳು, ಪಕ್ಕದಲ್ಲೇ ನಿಂತಳು. ಪರದೆಯ ಮೇಲೆ ಈಗ ಎರಡು ಗೆರೆಗಳಿದ್ದವು. ಉಳಿದವರ ರಕ್ತದಿಂದ ಹೊಸದಾಗಿ ಎಳೆದ ನೀಲಿ ಗೆರೆ ಬಲಕ್ಕೆ, ಹಳೆಯ ಹಸಿರು ಗೆರೆ ಎಡಕ್ಕೆ. ಜರೀನಾ ಮನಸ್ಸಿನಲ್ಲೇ ದುವಾ ಓದುತ್ತ ನೀಲಿಯನ್ನೇ ದಿಟ್ಟಿಸಿದಳು. ಯಾ ಅಲ್ಲಾ, ಅತ್ತ ಹೋಗಲಿ. ಇವನು ಗಟ್ಟಿ ಆಳು, ಆಡಿನ ಮಾಂಸ ತಿಂದು ಬೆಳೆದವನು, ಇವನಿಗೆ ಕಬ್ಬಿಣದ ಕೊರತೆ ಇರಲು ಸಾಧ್ಯವಿಲ್ಲ. ಹಾಗೆಂದುಕೊಂಡ ಮೇಲೆ ಅದರ ಅರ್ಥ ಅವಳಿಗೇ ಹೊಳೆಯಿತು. ಇವನ ಗುಡ್ಡ ಎಡಕ್ಕೆ ಬಂದರೆ ಬೇರೆ ನೆಪ ಉಳಿಯುವುದಿಲ್ಲ.

ಮೊದಲು ನಾಲ್ಕಾರು ಚುಕ್ಕೆ ಬಿದ್ದವು, ಎಲ್ಲೆಲ್ಲೋ. ಆಮೇಲೆ ಅವು ಒಂದೇ ಕಡೆ ಸೇರತೊಡಗಿದವು. ರೋಹಿಣಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ರಿಜ್ವಾನ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದ.

"ಹಸಿರ ನಿಂದಲ್ಲ? ನೋಡ, ನಂದೂ ಸರಿಯಾಗಿ ಅದರ ಮ್ಯಾಲೆ ಕುಂತೈತಿ." ಅವನ ಮುಖ ಅರಳಿತು. "ಮೂರು ವರ್ಷ ನೀ ಒಬ್ಬಾಕಿನ ಮೆರದಿ. ನಮ್ಮ ಮನೆತನದ ರಕ್ತನ ಹಂತಾದ್ದು ನೋಡ. ನಿಮ್ಮ ಸರ್‌ಗೆ ಹೇಳ, ಇನ್ನ ಮ್ಯಾಲೆ ನನ್ನೂ ಕರೀಲಿ."

ಅವನು ಜೇಬಿನಿಂದ ಮೊಬೈಲ್ ತೆಗೆದ, ಪರದೆಯ ಫೋಟೋ ಹೊಡೆದ.

"ಅಮ್ಮಿಗೆ ಕಳಸ್ತೇನಿ. ಖುಷಿ ಆಗ್ತಾಳ."

ಜರೀನಾ ಮೊಬೈಲಿನ ಮೇಲೆ ಕೈ ಇಟ್ಟಳು.

"ಕಳಸಬ್ಯಾಡ."

"ಯಾಕ?"

"ಆಕಿ ಸೊಂಟದ ಮ್ಯಾಲೆ ಹೊತ್ಕೊಂಡು ತಿರಗಿದ್ದು ಇದನ್ನ."

ರಿಜ್ವಾನನಿಗೆ ಮೊದಲು ತಿಳಿಯಲಿಲ್ಲ. ಪರದೆ ನೋಡಿದ, ಅವಳ ಮುಖ ನೋಡಿದ. ಜರೀನಾ ಒಂದೊಂದೇ ಮಾತು ಜೋಡಿಸಿ ಸರ್ ಹೇಳಿದ್ದನ್ನೆಲ್ಲ ಹೇಳಿದಳು, ನಾಲ್ಕರಲ್ಲಿ ಒಂದು ಎನ್ನುವುದನ್ನೂ, ಹೊಟ್ಟೆಯಲ್ಲಿರುವಾಗಲೇ ಕೂಸನ್ನು ಪರೀಕ್ಷೆ ಮಾಡುತ್ತಾರೆ ಎಂದು ದವಾಖಾನೆಯವರು ಹೇಳಿದ್ದನ್ನೂ. ಅವಳು ಮುಗಿಸಿದ ಮೇಲೆ ರಿಜ್ವಾನ ಅವಳ ಹೊಟ್ಟೆಯ ಕಡೆ ಕೈ ಚಾಚಿದ. ಬೆರಳ ತುದಿಯಲ್ಲಿ ಇನ್ನೂ ರಕ್ತ ಒಸರುತ್ತಿರುವುದು ಕಂಡು ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡ.