ಬಂದ ನೀರು, ಬಿಟ್ಟ ನೀರು

ಜೇವರ್ಗಿಯ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಒಮ್ಮೆ ಕಿರುಪರೀಕ್ಷೆಯಲ್ಲಿ ಭೀಮಾ ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದ್ದೆ. ಹೆಚ್ಚಿನವರು ಸಹ್ಯಾದ್ರಿ ಬೆಟ್ಟ ಎಂದು ಬಾಯಿಪಾಠ ಒಪ್ಪಿಸಿದ್ದರು. ಒಬ್ಬ ಹುಡುಗಿ ಮಾತ್ರ ದುಂಡಗಿನ ಅಕ್ಷರದಲ್ಲಿ, "ಭೀಮಾ ನದಿಯು ಡ್ಯಾಮಿನಲ್ಲಿ ಹುಟ್ಟುತ್ತದೆ, ಗೇಟು ತೆಗೆದಾಗ ಹರಿಯುತ್ತದೆ" ಎಂದು ಬರೆದಿದ್ದಳು. ಸೊನ್ನೆ ಹಾಕಿದೆ. ಆ ವಾರ ಭೀಮೆಯ ದಂಡೆಯ ನಮ್ಮೂರು ಮಣ್ಣೂರಿಗೆ ಹೋದಾಗ ನಮ್ಮಪ್ಪನಿಗೆ, ಅಬ್ಬಾಗೆ, ನಗೆಯ ಸುದ್ದಿಯೆಂದು ಹೇಳಿದರೆ ಅವರು ನಗಲಿಲ್ಲ.

"ಅರ್ಧಾ ಮಾರ್ಕ್ಸರ ಕೊಡಬೇಕಿತ್ತು," ಎಂದರು. "ಆ ಹುಡುಗಿ ಕಣ್ಣೀಲೆ ಕಂಡದ್ದ ಬರದಾಳ."

ಈ ಮಾತನ್ನು ಅವರು ಕನ್ನಡದಲ್ಲಿ ಹೇಳಿದರು. ಮನೆಯಲ್ಲಿ ನಾವು ಉರ್ದು ಆಡುವವರು. ಊಟ, ಜಗಳ, ಜ್ವರ, ಮದುವೆ ಎಲ್ಲ ಉರ್ದುವಿನಲ್ಲೇ. ಹೊಳೆಯ ವಿಷಯ ಬಂದರೆ ಮಾತ್ರ ಅಬ್ಬಾನ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತದೆ, ಉತ್ತರ ಕೊಡುವ ನಾವೂ ಹೊರಳುತ್ತೇವೆ. ಯಾಕೆಂದು ಕೇಳಿದರೆ ಹೊಳೆಗೆ ಉರ್ದು ಬರುವುದಿಲ್ಲ ಎನ್ನುತ್ತಾರೆ.

ಮಣ್ಣೂರಿನ ಘಾಟಿನ ಮೆಟ್ಟಿಲುಗಳ ಪಕ್ಕದಲ್ಲಿ ಕಪ್ಪು ಬಿಳಿ ಗೆರೆ ಎಳೆದ ಅಳತೆಯ ಪಟ್ಟಿಯಿದೆ. ಅದನ್ನು ಬೆಳಿಗ್ಗೆ, ಸಂಜೆ ನೋಡಿ ನೀರಿನ ಮಟ್ಟ ಬರೆದಿಡುವುದು ಅಬ್ಬಾನ ಕೆಲಸವಾಗಿತ್ತು. ಊರಿನವರ ಬಾಯಲ್ಲಿ ಅವರು ಅಳತಿ ಕಾಕಾ. ಈಗ ಆ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಅಬ್ಬಾ ನಿವೃತ್ತರಾದರೂ ದಿನಾ ಘಾಟಿಗೆ ಹೋಗಿ ಪಟ್ಟಿ ನೋಡಿ ಬರುತ್ತಾರೆ. ಯಂತ್ರದ ಮೇಲೆ ಅವರಿಗೆ ಸಿಟ್ಟೇನಿಲ್ಲ. ಅದಕ್ಕೆ ವಾಸನೆ ತಿಳಿಯುವುದಿಲ್ಲ ಎಂಬ ಒಂದೇ ತಕರಾರು.

ನಮ್ಮ ಹೊಳೆಯ ಮಳೆ ನಮ್ಮೂರಲ್ಲಿ ಬೀಳುವುದಿಲ್ಲ. ಅದು ಬೀಳುವುದು ದೂರದ ಪಶ್ಚಿಮದ ಬೆಟ್ಟಗಳಲ್ಲಿ. ಅಲ್ಲಿ ಮಳೆ ಹಿಡಿದರೆ ಇಲ್ಲಿ ಬಿರುಬಿಸಿಲಿನಲ್ಲೇ ಹೊಳೆ ಏರುತ್ತದೆ. ನಡುವೆ ದೊಡ್ಡ ಅಣೆಕಟ್ಟು ನೀರನ್ನು ತಡೆದು, ತನಗೆ ಬೇಕಾದಾಗ ಬಿಡುತ್ತದೆ. ನಮ್ಮೂರಿನ ಕೆಳಗೊಂದು ಬ್ಯಾರೇಜು, ಅದೂ ಹಿಡಿದಿಡುತ್ತದೆ. ಹೀಗೆ ಮೇಲೊಂದು, ಕೆಳಗೊಂದು ಬಾಗಿಲು ಹಾಕಿಸಿಕೊಂಡು ನಮ್ಮ ಘಾಟಿನಲ್ಲಿ ಹೊಳೆ ವರ್ಷದ ಬಹುಪಾಲು ಸುಮ್ಮನೆ ಕೂತಿರುತ್ತದೆ. ಆ ಹುಡುಗಿ ಕಂಡದ್ದು ಈ ಹೊಳೆಯನ್ನೇ.

ಆದರೆ ಅಣೆಕಟ್ಟಿಗೂ ನಮಗೂ ನಡುವೆ ಸಣ್ಣಪುಟ್ಟ ಹೊಳೆ ಹಳ್ಳಗಳು ಬಹಳ. ಅವುಗಳಿಗೆ ಗೇಟಿಲ್ಲ. ಅದಕ್ಕೇ ದಂಡೆಯ ಮಂದಿಗೆ ಎರಡು ಮಾತು. ಹಳ್ಳಗಳಿಂದ ತಾನಾಗಿ ಏರಿದರೆ ಹೊಳಿ "ಬಂದದ" ಎನ್ನುತ್ತಾರೆ. ಅಣೆಕಟ್ಟಿನಿಂದಾದರೆ ನೀರು "ಬಿಟ್ಟಾರ". ಇದು ಬರೀ ಮಾತಿನ ಚಂದವಲ್ಲ. ಹೊಲಕ್ಕೆ ನೀರೆತ್ತುವ ಮೋಟಾರುಗಳು ಹೊಳೆಯ ಅಂಚಿನಲ್ಲೇ ಕಲ್ಲಿನ ಮೇಲೆ ಕೂತಿರುತ್ತವೆ. ಬಿಟ್ಟ ನೀರು ನಮ್ಮನ್ನು ಮುಟ್ಟಲು ಎರಡು ದಿನವಾದರೂ ಬೇಕು, ಮೋಟಾರು ಎತ್ತಲು ಪುರಸೊತ್ತಿರುತ್ತದೆ. ಬಂದ ನೀರಾದರೆ ಉಟ್ಟ ಬಟ್ಟೆಯಲ್ಲೇ ಓಡಬೇಕು.

ನಮ್ಮ ಪಕ್ಕದ ಮನೆಯಾತನದು ದಂಡೆಯ ಮೇಲೆ ಕಬ್ಬಿನ ಹೊಲ. ಪಟ್ಟಿಯ ಮೇಲೆ ನೀರು ಒಂದು ಗೆರೆ ಏರಿದರೂ ಸಾಕು, ನಮ್ಮ ಕಟ್ಟೆಯ ಮುಂದೆ ನಿಂತು ಕೇಳುತ್ತಿದ್ದ: "ಕಾಕಾ, ಬಂದದೋ, ಬಿಟ್ಟಾರೋ?" ಅಬ್ಬಾ ಎದ್ದು ಘಾಟಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ನೋಡಿ, ಮೂಸಿ ಹೇಳುತ್ತಿದ್ದರು. ಬಿಟ್ಟ ನೀರು ಮೊದಲು ತಿಳಿಯಾಗಿರುತ್ತದೆ, ಮಣ್ಣನ್ನು ಅಣೆಕಟ್ಟು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಬಂದ ನೀರಿಗೆ ಹೊಲಗಳ ಎರೆಮಣ್ಣು ಕದಡಿದ ಕಂದು ಬಣ್ಣ, ಎರೆಮಣ್ಣಿನದೇ ವಾಸನೆ. ಅಬ್ಬಾ ಹೇಳಿದ್ದು ತಪ್ಪಿದ್ದನ್ನು ನಾನಂತೂ ಕೇಳಿರಲಿಲ್ಲ. ಅವರಿಗಿದ್ದ ಆಸ್ತಿ ಅದೊಂದೇ.

ಆಮೇಲೆ ಅವರ ಕೈಗೆ ಫೋನು ಬಂತು. ಕೊಡಿಸಿದವಳು ನಾನೇ. ಗೇಟು ತೆಗೆದ ಸುದ್ದಿ ಈಗ ನೀರಿಗಿಂತ ಮೊದಲೇ ಊರು ಮುಟ್ಟುತ್ತದೆ. ಅಬ್ಬಾನ ಮಂಡಿಯೂ ನೋಯತೊಡಗಿತ್ತು. ಮೆಟ್ಟಿಲಿಳಿಯುವುದು ನಿಂತು, ಮೇಲಿಂದಲೇ ಪಟ್ಟಿ ನೋಡುವುದು ರೂಢಿಯಾಯಿತು.

ಹೋದ ಮಳೆಗಾಲದ ಒಂದು ಶನಿವಾರ ಮಧ್ಯಾಹ್ನ ನಾನು ಮಣ್ಣೂರಿನಲ್ಲಿದ್ದೆ. ಬೆಳಿಗ್ಗೆ ಗೇಟು ತೆಗೆದಿದ್ದಾರೆಂದು ಫೋನಿಗೆ ಸುದ್ದಿ ಬಂದಿತ್ತು. ಪಕ್ಕದಾತ ಬಂದು ಎಂದಿನಂತೆ ಕೇಳಿದ.

"ಬಿಟ್ಟಾರಪಾ," ಎಂದು ಅಬ್ಬಾ ಫೋನು ತೋರಿಸಿದರು. "ಸೋಮವಾರ ಮುಟ್ತದ. ನಾಳಿ ಮಧ್ಯಾಹ್ನ ಮೋಟಾರ ತಗದ್ರ ಸಾಕು."

"ಆದ್ರ ಈಗ ನೀರು ಸ್ವಲ್ಪ ಏರ್ಯದಲ್ರಿ?"

"ಕೆಳಗ ಬ್ಯಾರೇಜಿನಾಗ ನೀರು ಹಿಡದಿರಬೇಕು. ಅದ್ಕ ಇಲ್ಲಿ ಏರ್ಯದ."

ಉತ್ತರ ಸೊಗಸಾಗಿತ್ತು. ನಾನೂ ತಲೆಯಾಡಿಸಿದೆ, ಭೂಗೋಳ ಕಲಿಸುವವಳು. ಅಬ್ಬಾ ಮೆಟ್ಟಿಲಿಳಿಯಲಿಲ್ಲ. ಪಕ್ಕದಾತ ನಿಶ್ಚಿಂತೆಯಿಂದ ಮನೆಗೆ ಹೋದ.

ಭಾನುವಾರ ಬೆಳಿಗ್ಗೆ ಏಳುವಷ್ಟರಲ್ಲಿ ಆತನ ಮೋಟಾರು ಕಾಣುತ್ತಿರಲಿಲ್ಲ. ಪೈಪು ಮುರಿದು ಒಂದು ತುದಿ ನೀರಿನ ಮೇಲೆ ಕುಣಿಯುತ್ತಿತ್ತು. ಮೇಲಿನ ಹಳ್ಳಗಳ ಕಡೆ ಎಲ್ಲೋ ಜೋರು ಮಳೆಯಾಗಿತ್ತು. ನಮ್ಮಲ್ಲಿ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನೀರು ಚಹಾದ ಬಣ್ಣಕ್ಕೆ ತಿರುಗಿ, ಜಾಲಿಯ ಟೊಂಗೆಗಳನ್ನು ಹೊತ್ತು ಸಾಗುತ್ತಿತ್ತು. ಅಬ್ಬಾ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದರು. ನೀರೆತ್ತಿ ಮೂಸಿದರು. ಮುಖ ಅರಳಿತು.

"ಎರಿ ನೀರಿದು, ಬೇಟಾ. ಯಾರೂ ಬಿಟ್ಟಿದ್ದಲ್ಲ. ತಾನ ಬಂದದ!"

ನನಗೆ ಮೈ ಉರಿಯಿತು. "ಅಬ್ಬಾ, ಅವರ ಮೋಟಾರ ಹೋತು. ನಿಮ್ಮ ಮಾತು ಕೇಳಿ ಹೋತು," ಎಂದು ಕೂಗಿದೆ.

ಅರಳಿದ ಮುಖ ಅಷ್ಟೇ ಬೇಗ ಬಾಡಿತು. ಪಕ್ಕದಾತನೂ ಇನ್ನು ಮೂವರೂ ಹಗ್ಗ ಹಿಡಿದು ಪೈಪು ಎಳೆಯುತ್ತಿದ್ದರು. ಅಬ್ಬಾ ಅವರ ಮುಂದೆಯೇ ಹೋಗಿ ನಿಂತರು. "ತಪ್ಪು ನಂದು. ಫೋನ ನೋಡಿ ಹೇಳ್ದೆ, ನೀರು ನೋಡಿ ಹೇಳಲಿಲ್ಲ."

"ಇರ್ಲಿ ಬಿಡ್ರಿ ಕಾಕಾ," ಎಂದ ಪಕ್ಕದಾತ. ಮುಖ ಎತ್ತಿ ನೋಡಲಿಲ್ಲ. ಬೈದಿದ್ದರೆ ಅಬ್ಬಾಗೆ ಹಗುರಾಗುತ್ತಿತ್ತು.

ಆಮೇಲೆ ಆ ಮಳೆಗಾಲ ಮುಗಿಯುವವರೆಗೂ ಕಟ್ಟೆಯ ಮುಂದೆ ಯಾರೂ ನಿಂತು ಕೇಳಲಿಲ್ಲ. ಪಕ್ಕದಾತ ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಿದ್ದ, ಆರೋಗ್ಯ ವಿಚಾರಿಸುತ್ತಿದ್ದ, ಹೊಳೆಯ ಸುದ್ದಿ ಎತ್ತುತ್ತಿರಲಿಲ್ಲ. ಅಬ್ಬಾ ಫೋನನ್ನು ಗೂಡಿನಲ್ಲಿಟ್ಟು, ಮತ್ತೆ ದಿನಾ ಮೆಟ್ಟಿಲಿಳಿಯತೊಡಗಿದರು. ಕೇಳುವವರಿಲ್ಲದಿದ್ದರೂ ನೀರು ಮೂಸಿ ಬರುತ್ತಿದ್ದರು. ಮನೆಯಲ್ಲಿ ಅವರ ಕನ್ನಡ ಕಡಿಮೆಯಾಯಿತು. ಅದು ನನಗೆ ತಡೆಯಲಾಗದ ಸಂಕಟವಾಗಿತ್ತು.

ಶಾಲೆಯಲ್ಲಿ ನಾನು ಆ ಪಾಠವನ್ನು ಮತ್ತೊಮ್ಮೆ ಮಾಡಿದೆ. ಹೊಳೆ ಬೆಟ್ಟದಲ್ಲಿ ಹುಟ್ಟುತ್ತದೆ, ಅಣೆಕಟ್ಟಿನಲ್ಲಿ ನಿಲ್ಲುತ್ತದೆ, ಅದರ ಕೆಳಗೆ ಹಳ್ಳಗಳು ಸೇರಿ ಮತ್ತೆ ಹೊಳೆಯಾಗುತ್ತದೆ ಎಂದೆ. ಸೊನ್ನೆ ತೆಗೆದುಕೊಂಡ ಹುಡುಗಿ ಎದ್ದು ನಿಂತಳು. "ಹಂಗಾದ್ರ ಎಷ್ಟು ಸಲ ಹುಟ್ತದ್ರಿ ಮೇಡಂ?" ಅರ್ಧ ಅಂಕ ಆಕೆಗೆ ಅಂದೇ ಕೊಟ್ಟೆ.

ಈ ವರ್ಷದ ಮೊದಲ ನೀರು ಏರಿದ ಬೆಳಿಗ್ಗೆ ನಾನು ಅಬ್ಬಾನ ಜೊತೆ ಘಾಟಿನಲ್ಲಿದ್ದೆ. ಅವರು ಕೊನೆಯ ಒಣ ಮೆಟ್ಟಿಲ ಮೇಲೆ ಕೂತಿದ್ದರು. ಮೇಲೆ ಹೆಜ್ಜೆ ಸಪ್ಪಳವಾಯಿತು. ಪಕ್ಕದಾತ ನಿಂತಿದ್ದ. ಅಂಗಿಯ ಜೇಬಿನಲ್ಲಿ ಫೋನಿತ್ತು, ಪ್ಯಾಂಟು ಮಂಡಿಯವರೆಗೂ ಒದ್ದೆಯಾಗಿತ್ತು.

"ಕಾಕಾ, ಬಂದದೋ, ಬಿಟ್ಟಾರೋ?"

ಅಬ್ಬಾ ತಿರುಗಿ ನೋಡಲಿಲ್ಲ. "ಮೊದಲ ಮೋಟಾರ ಮ್ಯಾಲ ತಗೀಪಾ," ಎಂದರು. "ಆಮ್ಯಾಲ ಹೇಳ್ತೇನಿ."

"ಮೋಟಾರ ಆಗಲೇ ತಗದ ಬಂದೇನ್ರಿ. ನೀವು ಹೇಳ್ರಿ."

ಅಬ್ಬಾ ನನ್ನ ಭುಜ ಹಿಡಿದು ಎದ್ದು, ನೀರಿನೊಳಗೆ ಇನ್ನೊಂದು ಮೆಟ್ಟಿಲು ಇಳಿದರು.