ಕೆಳಗಿಳಿದ ಮುಳ್ಳು

ವಿಮಾನ ದುರಸ್ತಿಯ ಹ್ಯಾಂಗರ್‌ನಲ್ಲಿ ಮೂವತ್ತೊಂದು ವರ್ಷ ಇಂಜಿನ್‌ಗಳ ಹೊಟ್ಟೆ ಬಗೆದು ನೋಡಿ, ನಿವೃತ್ತಳಾಗಿ ಆದೋನಿಗೆ ಮರಳಿದ ಎರಡನೆಯ ವರ್ಷದ ಮಾತಿದು. ಇನ್ನು ಮನೆಯ ಮಿಕ್ಸಿ ಕೆಟ್ಟರೂ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದೆ. ಅದನ್ನು ಮುರಿಸಿದವನು ಹಾಲಹರವಿಯ ಮಲ್ಲಿಕಾರ್ಜುನ. ಟ್ರ್ಯಾಕ್ಟರ್ ವರ್ಕ್‌ಶಾಪ್ ನಡೆಸುತ್ತಿದ್ದ, ನಲವತ್ತರ ಆಸುಪಾಸಿನ ಮನುಷ್ಯ. ವರ್ಷಗಟ್ಟಲೆ ಕೂತು ಒಬ್ಬರೇ ಹಾರುವಷ್ಟು ಸಣ್ಣ ವಿಮಾನವೊಂದನ್ನು ತಾನೇ ಕಟ್ಟಿ, ಅದಕ್ಕೆ ಕಾರಿನ ಇಂಜಿನ್ ಕೂಡಿಸಿದ್ದ. ಹಾರಾಟ ಕಲಿತಿದ್ದ, ಪರೀಕ್ಷಾ ಹಾರಾಟದ ಅನುಮತಿಯೂ ಸಿಕ್ಕಿತ್ತು. ಆದರೆ ಹೆಂಡತಿ ಶಾರದಾ ಹಟ ಹಿಡಿದಿದ್ದಳು.

"ಇಂಜಿನ್ ಬಲ್ಲವರು ಬಂದು ನೋಡಿ ಹೂಂ ಅನ್ನಬೇಕ್ರಿ ಅಕ್ಕಾರ. ನೀವು ಊಹೂಂ ಅಂದ್ರ ಆ ರೆಕ್ಕಿ ನಾನ ಕೀಳತೀನಿ" ಅಂದಳು ನನ್ನ ಮನೆಯ ಬಾಗಿಲಲ್ಲೇ ನಿಂತು. ಮುಂದಿನ ಭಾನುವಾರ ಹಾರುವುದೆಂದು ಗಂಡ ನಿಶ್ಚಯಿಸಿಬಿಟ್ಟಿದ್ದ.

ಕಾರಿನ ಇಂಜಿನ್ನಿಗೆ ರೆಕ್ಕೆ ಕಟ್ಟುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಂಜಿನ್ ಕೆಟ್ಟದ್ದೆಂದಲ್ಲ. ಕಾರು ರಸ್ತೆಯ ಮೇಲೆ ತನ್ನ ಶಕ್ತಿಯಲ್ಲಿ ಒಂದು ಪಾಲನ್ನಷ್ಟೇ ಖರ್ಚು ಮಾಡುತ್ತದೆ. ವಿಮಾನ ನೆಲ ಬಿಟ್ಟು ಏರುವಾಗ ಇದ್ದಬದ್ದ ಶಕ್ತಿಯನ್ನೆಲ್ಲ ಕೇಳುತ್ತದೆ. ಅಷ್ಟು ಶಾಖವನ್ನು ಹೊತ್ತು ಹೊರಗೆ ಹಾಕಬೇಕಾದದ್ದು ರೇಡಿಯೇಟರ್, ಒಂದು ಪಂಪು, ನಾಲ್ಕಾರು ರಬ್ಬರ್ ಹೋಸ್ ಮತ್ತು ಒಂದಷ್ಟು ನೀರು. ಕಾರು ಬಿಸಿಯಾದರೆ ಬೇವಿನ ಮರದ ನೆರಳಿಗೆ ನಿಲ್ಲಿಸಿ ಚಹಾ ಕುಡಿಯಬಹುದು. ಮೇಲೆ ಎಲ್ಲಿಯ ಮರ, ಎಲ್ಲಿಯ ಚಹಾ?

ಪೆದ್ದಕಡುಬೂರಿನ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಮುಚ್ಚಿಹೋದ ಒಂದು ಹತ್ತಿ ಜಿನ್ನಿಂಗ್ ಮಿಲ್ ಇದೆ. ಅದರ ಗೋದಾಮನ್ನು ಮಲ್ಲಿಕಾರ್ಜುನ ಬಾಡಿಗೆಗೆ ಹಿಡಿದಿದ್ದ. ಒಳಗೆ ಕಾಲಿಟ್ಟರೆ ಸದ್ದೇ ಸಾಯುತ್ತಿತ್ತು. ತೊಲೆಗಳಿಗೆ, ಮೂಲೆಗಳಿಗೆ ಹಳೆಯ ಹತ್ತಿಯ ಎಳೆ ಇನ್ನೂ ಅಂಟಿಕೊಂಡಿತ್ತು. ನಡುವೆ ವಿಮಾನ, ಬಾಲಕ್ಕೆ ಕಟ್ಟಿದ ಸರಪಳಿಯಿಂದ ನೆಲದ ಕೊಂಡಿಗೆ ಬಿಗಿದು ನಿಂತಿತ್ತು. ಪಕ್ಕದಲ್ಲಿ ಟೈರಿನ ಮೇಲೆ ಕೂತಿದ್ದವನು ಶಾರದಾಳ ತಂದೆ ಈರಣ್ಣ, ಆಯುಷ್ಯವೆಲ್ಲ ಲಾರಿ ಓಡಿಸಿದ ಮುದುಕ. ನನ್ನನ್ನು ಕಂಡವನೇ, "ಬಾ ತಂಗಿ. ಗಾಡಿ ಚಲೋ ಐತಿ. ಸುಮ್ನ ಹೂಂ ಅಂದುಬಿಡು" ಅಂದ.

"ಹೂಂ ಅನ್ನಾಕ ನಾ ಬೀಗರ ಮನಿಗೆ ಬಂದಿಲ್ಲ ಯಜಮಾನ್ರ" ಅಂದೆ. ಮುದುಕ ನಕ್ಕ.

ಮೊದಲ ಬಾರಿ ಇಂಜಿನ್ ಓಡಿಸಿದಾಗ ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ನೀರಿನ ಬಿಸಿ ತೋರಿಸುವ ಮುಳ್ಳು ತೊಂಬತ್ತು ಡಿಗ್ರಿಯಲ್ಲಿ ನಿಂತಿತು, ಹೋಸ್‌ಗಳಲ್ಲಿ ಎಲ್ಲೂ ಸೋರಿಕೆಯಿರಲಿಲ್ಲ. ಮಲ್ಲಿಕಾರ್ಜುನನ ಕೆಲಸ ಅಚ್ಚುಕಟ್ಟು, ಅದನ್ನು ಒಪ್ಪಲೇಬೇಕು. ಇಂಜಿನ್ ನಿಲ್ಲಿಸಿದ ಮೇಲೆ ಮಾತ್ರ ನನಗೊಂದು ವಾಸನೆ ಬಂತು. ಪೆಟ್ರೋಲಿನದಲ್ಲ, ಸುಟ್ಟ ರಬ್ಬರಿನದಲ್ಲ. ಬೇಯುತ್ತಿರುವ ಅರಿಶಿನದ್ದು. ಸುತ್ತ ಅಷ್ಟು ದೂರಕ್ಕೂ ಒಂದು ಮನೆಯಿಲ್ಲ, ಒಲೆಯಿಲ್ಲ.

ಗೇಟಿನ ಕಾವಲುಗಾರ ಹುಸೇನಪ್ಪನನ್ನು ಕೇಳಿದೆ, ಯಾರ ಅಡುಗೆ ಇದು ಅಂತ. ಅವನು ನನ್ನ ಮುಖವನ್ನೇ ನೋಡಿದ.

"ನಿಮಗೂ ಬಂತೇನ್ರಿ? ಒಂದು ವಾರ ಆತು, ನನಗ ಬರಾಕತ್ತಿ. ಬ್ಯಾಡ್ರಿ ಮೇಡಂ, ಅದರ ಮಾತು ಬ್ಯಾಡ. ಮುತ್ತೈದಿ ಸತ್ತಾಗ ಮೈಗೆ ಹಚ್ಚತಾರಲ್ರಿ, ಅದ ವಾಸನಿ."

"ಏ, ಸುಮ್ನಿರಪಾ, ಬಾಯಿಗೆ ಬಂದದ್ದು ಅಂತೀ" ಎಂದು ಗದರಿದೆ. ಗದರಿದ್ದು ಅವನನ್ನೋ ನನ್ನನ್ನೋ, ಹೇಳಲಾರೆ. ಮನೆಗೆ ಹೋಗಿ ಸ್ನಾನ ಮಾಡಿದರೂ ಆ ವಾಸನೆ ಮೂಗಿನಿಂದ ಹೋಗಲಿಲ್ಲ.

ಮರುದಿನ ಸಂಜೆ ನಿಜವಾದ ಪರೀಕ್ಷೆ. ಏರುವಾಗ ಬೇಕಾಗುವ ಪೂರ್ಣ ಶಕ್ತಿಯಲ್ಲಿ ಇಂಜಿನ್ನನ್ನು ಬಿಡದೆ ಓಡಿಸುವುದು. ಮಲ್ಲಿಕಾರ್ಜುನ ಸೀಟಿನಲ್ಲಿ ಕೂತ, ನಾನು ಪಕ್ಕದಲ್ಲಿ ಏಣಿ ಹತ್ತಿ ಮುಳ್ಳನ್ನು ನೋಡುತ್ತ ನಿಂತೆ. ಗೋದಾಮಿನ ತಗಡೆಲ್ಲ ನಡುಗಿ, ಎಷ್ಟೋ ವರ್ಷದ ಹತ್ತಿಯ ಎಳೆಗಳು ತೊಲೆಯಿಂದ ಕಳಚಿ ನಮ್ಮ ಸುತ್ತ ಹಾರಾಡತೊಡಗಿದವು. ಮುಳ್ಳು ತೊಂಬತ್ತಕ್ಕೆ ಬಂತು, ತೊಂಬತ್ತೈದಕ್ಕೆ ಏರಿತು, ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಕೆಳಗಿಳಿಯತೊಡಗಿತು. ಎಂಬತ್ತು. ಎಪ್ಪತ್ತು.

ಮಲ್ಲಿಕಾರ್ಜುನ ಮುಖ ಅರಳಿಸಿ ನನ್ನ ಕಡೆ ತಿರುಗಿ ಕೂಗಿದ: "ನೋಡ್ರಿ ಅಕ್ಕಾರ, ಫುಲ್ ಪವರಿನಾಗ ತಂಪಾಗಕತ್ತೈತಿ!"

ಪೂರ್ಣ ಶಕ್ತಿಯಲ್ಲಿ ಉರಿಯುವ ಇಂಜಿನ್ ತಂಪಾಗುವುದಿಲ್ಲ. ಸುಡುಸುಡು ಜ್ವರದವನ ಕೈಕಾಲು ಒಮ್ಮೆಲೇ ತಣ್ಣಗಾದರೆ ಮನೆಯವರು ಖುಷಿಪಡುತ್ತಾರೆಯೇ? "ಬಂದ್ ಮಾಡು! ಬಂದ್ ಮಾಡೋ!" ಎಂದು ಅವನ ಭುಜಕ್ಕೆ ಗುದ್ದಿದೆ.

ಇಂಜಿನ್ ನಿಂತಿತು. ಪ್ರೊಪೆಲ್ಲರ್ ನಿಂತಿತು. ಆಮೇಲೆ ಆ ನಿಶ್ಶಬ್ದದಲ್ಲಿ ಅದು ನರಳಿತು.

ಬೇರೆ ಪದ ನನಗೆ ಗೊತ್ತಿಲ್ಲ. ಹೆಂಗಸೊಬ್ಬಳು ಹಲ್ಲು ಕಚ್ಚಿ ನೋವು ನುಂಗುವಾಗ ಬರುವಂಥ ಸದ್ದು, ಏರಿ, ಇಳಿದು, ಮತ್ತೆ ಏರಿತು. ಹುಸೇನಪ್ಪ ಗೇಟಿನ ಕಡೆಗೆ ಓಡಿದ. ಈರಣ್ಣ ಟೈರಿನಿಂದೆದ್ದು ಕೈಮುಗಿದು ನಿಂತ. ಅದರ ವಿವರಣೆ ಈಗ ಸುಲಭ: ಇಂಜಿನ್ನಿನ ತಲೆಯೊಳಗೆ ಉಳಿದ ಗುಟುಕು ನೀರು ಕುದಿದು, ಆವಿ ಇಕ್ಕಟ್ಟಾದ ದಾರಿಯಲ್ಲಿ ನುಗ್ಗುವಾಗ ಹಾಗೆ ಸದ್ದಾಗುತ್ತದೆ. ಆ ಹೊತ್ತಿನಲ್ಲಿ ಅರಿಶಿನದ ವಾಸನೆಗೆ ಉಸಿರು ಕಟ್ಟುವಂತಾಗಿತ್ತು. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ನೆಲದ ಮೇಲೆ ಒಂದು ಹನಿ ನೀರಿರಲಿಲ್ಲ.

ಬಿಸಿಯಲ್ಲಿ ಮುಚ್ಚಳ ತೆರೆದರೆ ಮುಖ ಬೆಂದುಹೋಗುತ್ತದೆ. ಹಾಗಾಗಿ ಬೀಗ ಹಾಕಿಸಿ, ಬೆಳಿಗ್ಗೆ ಬರುತ್ತೇನೆಂದು ಹೊರಟೆ. ಬೆಳಿಗ್ಗೆ ಶಾರದಾಳೂ ಬಂದಳು. ರೇಡಿಯೇಟರಿನ ಮುಚ್ಚಳ ತಿರುಗಿಸಿ ಕಡ್ಡಿ ಇಳಿಬಿಟ್ಟೆ. ಒಣಗಿಯೇ ಮೇಲೆ ಬಂತು. ತುದಿಯಲ್ಲಿ ಹಳದಿ ರಾಡಿ ಮೆತ್ತಿತ್ತು. ಅಷ್ಟೂ ನೀರು ಹೋದದ್ದೆಲ್ಲಿಗೆ ಎಂದು ನಾನು ತಲೆ ಕೆಡಿಸಿಕೊಳ್ಳುತ್ತಿರುವಾಗ ಶಾರದಾ ಸಣ್ಣದಾಗಿ ಚೀರಿದಳು. ವಿಮಾನದ ಹಿಂದಿನ ಸುಣ್ಣದ ಗೋಡೆ, ಹಿಂದಿನ ಸಂಜೆಯ ಮಬ್ಬಿನಲ್ಲಿ ನಮಗೆ ಕಾಣದಿದ್ದದ್ದು, ಬಾಗಿಲಿಂದ ಬಿದ್ದ ಬಿಸಿಲಿನಲ್ಲಿ ಆಳೆತ್ತರಕ್ಕೆ ಹಳದಿಯಾಗಿತ್ತು. ನೀರು ತುಂಬಿ ಬಂದಾಗ ಹೊರಗೆ ಹರಿಯಲೆಂದು ಹೊಟ್ಟೆಯ ಕೆಳಗೆ ಬಿಟ್ಟ ಕೊಳವೆಯಿಂದ ಚಿಮ್ಮಿದ್ದನ್ನೆಲ್ಲ ಪ್ರೊಪೆಲ್ಲರಿನ ಗಾಳಿ ಒಂದು ಹನಿ ಬೀಳಗೊಡದೆ ಗೋಡೆಗೆ ಒಯ್ದು ಬಳಿದಿತ್ತು.

"ನಾ ಹಾಕಿದ್ದು ಹಸಿರು ಕೂಲೆಂಟ್ ರಿ ಅಕ್ಕಾರ, ಹಳದಿ ಎಲ್ಲಿಂದ ಬರತೈತಿ?" ಎಂದ ಮಲ್ಲಿಕಾರ್ಜುನ.

ಶಾರದಾ ಗೋಡೆಗೆ ಬೆರಳು ಒರೆಸಿ ಮೂಸಿದಳು. ತಂದೆಯ ಕಡೆ ತಿರುಗಿದಳು. "ಅಪ್ಪಾ, ಅಡಗಿಮನಿ ಡಬ್ಬಿಯೊಳಗಿನ ಅರಿಶಿಣ ಖಾಲಿಯಾಗಿದ್ದು ಹೆಂಗ?"

ಲಾರಿಯವರಿಗೆಲ್ಲ ಗೊತ್ತಿರುವ ಉಪಾಯ ಅದು. ರೇಡಿಯೇಟರ್ ಜಿನುಗಿದರೆ ಒಂದು ಮುಷ್ಟಿ ಅರಿಶಿನ ಪುಡಿ ಸುರಿಯುತ್ತಾರೆ. ಅದು ನೀರಿನಲ್ಲಿ ಉಬ್ಬಿ ತೂತಿಗೆ ಕೂತು ಸೋರಿಕೆ ನಿಲ್ಲಿಸುತ್ತದೆ, ಲಾರಿ ಮುಂದಿನ ಊರು ಮುಟ್ಟುತ್ತದೆ. ವಾರದ ಹಿಂದೆ ಹೋಸಿನ ಸಂದಿನಿಂದ ನೀರು ತೊಟ್ಟಿಕ್ಕುವುದನ್ನು ಈರಣ್ಣ ಕಂಡಿದ್ದ. ಅಳಿಯನಿಗೆ ಹೇಳಿರಲಿಲ್ಲ.

"ಕೆಡಸಬೇಕಂತ ಮಾಡಿಲ್ಲ ತಂಗಿ" ಅಂದ ನನಗೆ. ಮಗಳನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. "ಹೇಳಿದ್ರ ಆಕಿ ಹೆದರತಾಳ, ಇವ ಹಾರೋದು ಬಿಡಂಗಿಲ್ಲ. ನನ್ನ ಮಗಳ ಅರಿಶಿಣ-ಕುಂಕುಮ ಉಳೀಲಿ ಅಂತ ದೇವರ ಹೆಸರು ತಗೊಂಡು ಹಾಕಿದೆ."

ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಮುದುಕನನ್ನು ಬೈಯಲು ಮನಸ್ಸು ಬರಲಿಲ್ಲ. ಸ್ಪ್ಯಾನರ್ ಕೈಗೆ ತಗೊಂಡೆ. ಅದೊಂದೇ ನನಗೆ ಗೊತ್ತಿರುವ ಸಮಾಧಾನ.

ಬಿಚ್ಚಿದಾಗ ಎಲ್ಲ ಬಯಲಾಯಿತು. ಇಂಜಿನ್ನಿನ ತಲೆಗೂ ಮೈಗೂ ನಡುವೆ ಸೋರದಂತೆ ಕೂಡಿಸಿದ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್, ಒಂದು ಕಡೆ ಸುಟ್ಟಿತ್ತು. ಅಲ್ಲಿಂದ ಉರಿಯ ಗಾಳಿ ನೀರಿಗೆ ನುಗ್ಗಿ ಒತ್ತಡ ಏರಿಸುತ್ತಿತ್ತು. ಅದಕ್ಕೇ ಹೋಸ್ ಜಿನುಗಿದ್ದು. ಆ ತೊಟ್ಟು ನೀರು ಇಂಜಿನ್ ಆಡಿದ ಮೊದಲ ಮಾತು. ಅರಿಶಿನ ಅದರ ಬಾಯಿ ಮುಚ್ಚಿಸಿತ್ತು, ರೇಡಿಯೇಟರಿನ ಸಣ್ಣ ನಳಿಗೆಗಳನ್ನೂ ಮುಚ್ಚಿತ್ತು. ಕಡೆಗೆ ಒತ್ತಡ ನೀರನ್ನೆಲ್ಲ ಹೊರಕ್ಕೆ ತಳ್ಳಿತು. ನೀರಿನಲ್ಲಿ ಮುಳುಗಿರಬೇಕಾದ ಸೆನ್ಸರ್ ಖಾಲಿ ಜಾಗದಲ್ಲಿ ತೂಗಾಡಿ, ಸುತ್ತ ಲೋಹ ಬೇಯುತ್ತಿದ್ದರೂ ಎಲ್ಲ ತಂಪಾಗಿದೆ ಎಂದು ವರದಿ ಮಾಡಿತು. ಭಾನುವಾರ ಹಾರಿದ್ದರೆ ಮಲ್ಲಿಕಾರ್ಜುನ ಆ ಮುಳ್ಳನ್ನು ನೋಡಿ ನಗುನಗುತ್ತಲೇ ಹಾಲಹರವಿಯ ಗುಡ್ಡದ ಬಂಡೆಗಳ ಮೇಲೆ ಬೀಳುತ್ತಿದ್ದ.

ಊಹೂಂ ಅಂದೆ. ಮಲ್ಲಿಕಾರ್ಜುನ ಹೊರಗೆ ಹೋಗಿ ಬಿಸಿಲಲ್ಲಿ ಕೂತ. ಶಾರದಾ ರೆಕ್ಕೆಗೆ ಕೈ ಹಾಕಿದಳು. ಕೀಳುತ್ತಾಳೆಂದೇ ನಾನು ತಿಳಿದೆ. ಅವಳು ರೆಕ್ಕೆಯ ಮೇಲಿನ ಹತ್ತಿಯ ಎಳೆಗಳನ್ನು ಒರೆಸಿ, "ಸರಿ ಮಾಡಾಕ ಆಗತೈತೇನ್ರಿ ಅಕ್ಕಾರ?" ಎಂದು ಕೇಳಿದಳು. ಆರು ವರ್ಷ ಆ ಮನುಷ್ಯ ನಿದ್ದೆಗೆಟ್ಟದ್ದನ್ನು ನೋಡಿದವಳು ಅವಳೇ ತಾನೆ.

ನಾಲ್ಕು ತಿಂಗಳು ಹಿಡಿಯಿತು. ಹೊಸ ರೇಡಿಯೇಟರ್, ಹೊಸ ಗ್ಯಾಸ್ಕೆಟ್. ಬಿಸಿ ಅಳೆಯುವ ಇನ್ನೊಂದು ಸೆನ್ಸರನ್ನು ನೀರಿನಲ್ಲಲ್ಲ, ಇಂಜಿನ್ನಿನ ಲೋಹದಲ್ಲೇ ಕೂಡಿಸಿದೆವು. ಜೊತೆಗೆ ನೀರಿನ ಒತ್ತಡಕ್ಕೊಂದು ಗೇಜು, ಮಟ್ಟ ಇಳಿದರೆ ಹತ್ತುವ ಒಂದು ಕೆಂಪು ದೀಪ. ಒಂದು ಸುಳ್ಳಾಡಿದರೆ ಇನ್ನೊಂದು ನಿಜ ಹೇಳಬೇಕು. ಪೂರ್ಣ ಶಕ್ತಿಯಲ್ಲಿ ಮತ್ತೆ ಮತ್ತೆ ಓಡಿಸಿ, ಬಿಚ್ಚಿ ನೋಡಿ, ಆಮೇಲೆ ಹೂಂ ಅಂದೆ.

ಹಾಲಹರವಿಯ ಆಚೆ ಗಟ್ಟಿ ಗರಸು ನೆಲದಲ್ಲಿ ಹದಮಾಡಿದ ಪಟ್ಟಿಯಿಂದ ಅವನು ಬೆಳಗಿನ ತಂಪಿನಲ್ಲಿ ಏರಿದ. ಒಂದು ಸುತ್ತು ಬಂದ, ಎರಡನೆಯ ಸುತ್ತಿಗೆ ಗುಡ್ಡದ ಹಿಂದೆ ಹೋದ. ಇಂಜಿನ್ನಿನ ಸದ್ದು ಕತ್ತರಿಸಿದ ಹಾಗೆ ನಿಂತಿತು. ಗುಡ್ಡ ಸದ್ದನ್ನು ಮರೆಮಾಡುತ್ತದೆಂದು ನನಗೆ ಗೊತ್ತು. ಗೊತ್ತಿದ್ದೂ ಕ್ಷಣ ಎಣಿಸತೊಡಗಿದೆ. ಗಾಳಿಯಿಲ್ಲ, ಹಕ್ಕಿಯಿಲ್ಲ. ದೂರದಲ್ಲಿ ಮೇಯುತ್ತಿದ್ದ ಕುರಿಗಳೂ ತಲೆಯೆತ್ತಿ ಅದೇ ಗುಡ್ಡವನ್ನು ನೋಡುತ್ತಿದ್ದವು. ಈರಣ್ಣ ಕಣ್ಣು ಮುಚ್ಚಿ ನೆಲದ ಮೇಲೆ ಕುಕ್ಕರಿಸಿದ. ಶಾರದಾಳ ಉಗುರು ನನ್ನ ಮಣಿಕಟ್ಟಿಗೆ ಇಳಿದಿತ್ತು. ಹೂಂ ಎಂದ ನಾಲಿಗೆ ನನ್ನದೇ ಎಂಬುದು ಆಗ ನನಗೆ ಮೈಯೆಲ್ಲ ಅರಿವಾಯಿತು. ನಮ್ಮ ವೃತ್ತಿಯಲ್ಲಿ ಸಹಿ ಹಾಕಿದವರು ನೆಲದ ಮೇಲೇ ಇರುತ್ತಾರೆ. ಜೀವ ಕೊಟ್ಟು ಅದನ್ನು ಪರೀಕ್ಷಿಸುವವರು ಬೇರೆ.

ಗುಡ್ಡದ ಎಡ ಅಂಚಿನಿಂದ ಸದ್ದು ಮೊದಲು ಬಂತು, ವಿಮಾನ ಆಮೇಲೆ.

ಅವನು ಇಳಿದು, ನಿಂತು, ಹೆಲ್ಮೆಟ್ ತೆಗೆದ. ಕಣ್ಣಲ್ಲಿ ನೀರಿತ್ತು. ಶಾರದಾ ಓಡಿಹೋದಳು, ಆದರೆ ಅಪ್ಪಿಕೊಳ್ಳಲಿಲ್ಲ. ಅವನ ಮುಖವನ್ನೂ ನೋಡದೆ ಕೇಳಿದಳು: "ನೀರು?"

"ಅದಾವ" ಅಂದ. "ಗೇಜು ಎರಡೂ ಒಂದ ಹೇಳ್ಯಾವ."

"ಗೇಜಿನ ಮಾತು ಯಾರು ಕೇಳಿದ್ರು? ತಣ್ಣಗಾಗಲಿ, ತೆರೆದು ತೋರಸು" ಎಂದು ಅವಳು ವಿಮಾನದ ನೆರಳಿನಲ್ಲಿ ಕೂತುಬಿಟ್ಟಳು. ಅವಳ ಪಕ್ಕದಲ್ಲಿ ನಾನೂ ಕೂತೆ. ಮೂವತ್ತೊಂದು ವರ್ಷ ನಾನು ಕಿರಿಯ ಇಂಜಿನಿಯರುಗಳಿಗೆ ಕಲಿಸಲು ಹೆಣಗಿದ್ದು ಇಷ್ಟನ್ನೇ.