ಕುಸುಬಿ ಎಣ್ಣೆ ಹಚ್ಚಿದ ಕಲ್ಲು

ಕಳೆದ ತಿಂಗಳು ಕಪಾಟಿನ ಮೇಲಿದ್ದ ತಗಡಿನ ಕೊಳವೆಯೊಂದರ ಮುಚ್ಚಳ ತೆಗೆದಾಗ ಒಳಗಿನಿಂದ ಕಮಟು ಎಣ್ಣೆಯ ವಾಸನೆ ಬಂತು. ಅದರಲ್ಲಿ ಇದ್ದದ್ದು ಶಾಸನವೊಂದರ ಪಡಿಯಚ್ಚು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರಗಳ ಕುಳಿಗೆ ಇಳಿಸಿ, ಮೇಲೆ ಮಸಿ ತಟ್ಟಿ ತೆಗೆಯುವ ನಕಲು ಅದು. ನಲವತ್ತು ವರ್ಷ ಮುಚ್ಚಿಟ್ಟ ಕಾಗದಕ್ಕೆ ಮಸಿಯ ವಾಸನೆ ಇರಬಹುದಿತ್ತು, ಹುಳದ ವಾಸನೆ ಇರಬಹುದಿತ್ತು. ಇದ್ದದ್ದು ಕುಸುಬಿ ಎಣ್ಣೆಯದು. ಕೂಡಲೇ ಮುಚ್ಚಳ ಹಾಕಿಬಿಟ್ಟೆ. ಮೊದಲ ಸಲ ಈ ವಾಸನೆಗೆ ವಾಕರಿಕೆ ಬಂದಾಗ ನನಗೆ ಹೇಸಿಗೆಯಾದದ್ದು ಆ ಎಣ್ಣೆಯನ್ನು ಕಲ್ಲಿಗೆ ಹಚ್ಚುತ್ತಿದ್ದ ಕೆರೆಯ ಗುಡಿಯ ಪೂಜಾರಿಯನ್ನು ಕಂಡು. ಈಗ ಅದೇ ಹೇಸಿಗೆ ಮನೆ ಬದಲಿಸಿದೆ...

ಮೊದಲು ಆ ಅಚ್ಚು ತೆಗೆದ ದಿನದ ತಾರೀಖು ಇತ್ಯರ್ಥವಾಗಬೇಕು. ವರ್ಷ ೧೯೭೯, ಮಳೆಗಾಲದ ಕೊನೆ, ಇದರಲ್ಲಿ ಅನುಮಾನವಿಲ್ಲ. ನನ್ನ ದಿನಚರಿ ‘ಸೋಮವಾರ’ ಎನ್ನುತ್ತದೆ. ಆದರೆ ಅದೇ ಪುಟದಲ್ಲಿ ಅಂಟಿಸಿರುವ, ಶಿರಹಟ್ಟಿಯಲ್ಲಿ ಪೆಟ್ರೋಲ್ ಹಾಕಿಸಿದ ಚೀಟಿಯ ತಾರೀಖು ಮಂಗಳವಾರಕ್ಕೆ ಬೀಳುತ್ತದೆ. ಪಡಿಯಚ್ಚಿನ ಬೆನ್ನಿಗೆ ನಾನೇ ಬರೆದ ಟಿಪ್ಪಣಿಯಲ್ಲಿ ತಿಂಗಳು ಮಾತ್ರ ಇದೆ. ದಿನಚರಿಯನ್ನು ಎಷ್ಟೋ ಸಲ ಎರಡು ಮೂರು ದಿನ ತಡವಾಗಿ, ನೆನಪಿನಿಂದ ತುಂಬಿಸುತ್ತಿದ್ದೆನಾದ್ದರಿಂದ ಚೀಟಿಯನ್ನೇ ನಂಬುವುದು ಶಾಸ್ತ್ರೀಯ ಕ್ರಮ. ಕಳೆದ ತಿಂಗಳವರೆಗೂ ಹಾಗೆಯೇ ನಂಬಿದ್ದೆ.

ಆಗ ನಾನು ಬೆಟಗೇರಿಯಲ್ಲಿ ಬಾಡಿಗೆಯ ಕೋಣೆಯಲ್ಲಿದ್ದೆ. ಓಣಿಯ ಮಗ್ಗಗಳು ಸದ್ದು ಮಾಡುವ ಮುನ್ನವೇ ಎರಡನೇ ಕೈಯ ಮೋಟಾರ್‌ಸೈಕಲ್ ಹೊರಗೆಳೆದು, ಕಾಗದದ ಸುರುಳಿ, ಮಸಿಯ ಡಬ್ಬಿ, ಬ್ರಷ್ಷುಗಳನ್ನು ಹಿಂದೆ ಕಟ್ಟಿಕೊಂಡು ಒಬ್ಬನೇ ಹೊರಟೆ. ಒಬ್ಬನೇ ಹೊರಟದ್ದಕ್ಕೆ ಕಾರಣ ಏಕಾಂತದ ಪ್ರೀತಿಯೇನೂ ಆಗಿರಲಿಲ್ಲ. ಕಪ್ಪತಗುಡ್ಡದ ಆಚೆ, ಕೆರೆಯ ದಂಡೆಯ ಗುಡಿಯಲ್ಲಿ ಯಾರೂ ಪ್ರಕಟಿಸದ ಶಾಸನವಿದೆ ಎಂಬ ಸುಳಿವು ಲಕ್ಷ್ಮೇಶ್ವರದ ಪರಿಚಿತರೊಬ್ಬರಿಂದ ಸಿಕ್ಕಿತ್ತು. ಅದರ ಕೀರ್ತಿಯಲ್ಲಿ ಪಾಲುದಾರರು ನನಗೆ ಬೇಕಿರಲಿಲ್ಲ.

ಶಿರಹಟ್ಟಿ ದಾಟಿ ಗುಡ್ಡ ಏರತೊಡಗಿದಾಗ ದಾರಿ ಕೆಂಪಾಯಿತು. ಕಬ್ಬಿಣ ಬೆರೆತ ಆ ಮಣ್ಣು ಹಲ್ಲಿನ ಸಂದಿಗೂ ಇಳಿಯುತ್ತದೆ. ಉಗುಳಿದರೆ ರಕ್ತದಂತೆ ಕಾಣುತ್ತದೆ. ಮೊಣಕಾಲೆತ್ತರದ ಹುಲ್ಲು ಒಂದೇ ದಿಕ್ಕಿಗೆ ಬಾಗಿತ್ತು. ತಿರುವುಗಳಲ್ಲಿ ಗಾಳಿ ಬಂಡಿಯನ್ನು ಪಕ್ಕಕ್ಕೆ ನೂಕುತ್ತಿತ್ತು. ನೆತ್ತಿಯ ಮೇಲೆ ಎಂಜಿನ್ ಆರಿಸಿ ನಿಂತಾಗ, ಕೆಳಗೆ ಡೋಣಿಯ ಕಡೆಯ ಎರೆಹೊಲಗಳ ನಡುವೆ ಕೆರೆ ಕಂಡಿತು. ಅದರ ದಂಡೆಗೆ ಅಂಟಿಕೊಂಡಂತೆ ಒಂದು ಪುಟ್ಟ ಕಪ್ಪು ಗುಡಿ. ಅಷ್ಟು ಚಂದದ ನೋಟವನ್ನು ಕಂಡು ನಾನು ಯೋಚಿಸಿದ್ದು, ನನ್ನ ಲೇಖನ ಯಾವ ಸಂಚಿಕೆಯಲ್ಲಿ ಬರಬಹುದು ಎಂದು.

ಊರಿನ ಹೆಸರನ್ನು ಬೇಕೆಂದೇ ಬಿಡುತ್ತಿದ್ದೇನೆ. ಗುಡಿಯೊಳಗೆ ಕಾಲಿಟ್ಟೊಡನೆ ಬಾವಲಿಯ ಹಿಕ್ಕೆ, ಕಮಟು ಎಣ್ಣೆ, ತಂಬಾಕಿನ ಉಗುಳು ಮೂರೂ ಒಟ್ಟಾಗಿ ಮೂಗಿಗೆ ಬಡಿದವು. ಅರವತ್ತರ ಆಸುಪಾಸಿನ ಪೂಜಾರಿ ಮಂಟಪದಲ್ಲಿ ಕುಳಿತು, ಎದುರಿನ ಕಲ್ಲಿಗೆ ಬರಿಗೈಯಿಂದ ಎಣ್ಣೆ ಸವರುತ್ತಿದ್ದರು. ಉಗುರಿನ ಸುತ್ತ ಕಪ್ಪು ಜಿಡ್ಡು. ಧೋತರದ ಅಂಚು ಕೂಡ ಎಣ್ಣೆ ಕುಡಿದು ಗಟ್ಟಿಯಾಗಿತ್ತು. ಮಡಿ, ಶುಚಿ ಎಂದು ದಿನಕ್ಕೆ ನೂರು ಸಲ ಕೈ ತೊಳೆಸುವ ಮನೆಯಲ್ಲಿ ಬೆಳೆದ ನಾನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೆ. ಅದನ್ನು ಅವರು ನೋಡಿದರು.

“ಬರ್ರಿ, ಕುಂಡ್ರಿ. ಫಟ್‌ಫಟಿ ಸಪ್ಪಳ ಕೇಳಿ ದನದ ಡಾಕ್ಟರ್ ಬಂದ್ರು ಅನ್ಕೊಂಡೆ. ನಮ್ಮ ಎಮ್ಮಿ ನಾಕ್ ದಿನದಿಂದ ಮೇವ ಮುಟ್ಟಿಲ್ಲ. ನೀವು ನೋಡಿದ್ರ ಕಲ್ಲಿನ ಡಾಕ್ಟರ್ ಕಂಡಂಗ ಕಾಣ್ತೀರಿ.”

ಅವರು ಎಣ್ಣೆ ಹಚ್ಚುತ್ತಿದ್ದ ಕಲ್ಲೇ ನನ್ನ ಶಾಸನ. ಪ್ರತಿ ಸೋಮವಾರ ದೀಪಕ್ಕೆ ಎರೆದು ಉಳಿದ ಕುಸುಬಿ ಎಣ್ಣೆಯನ್ನು ಈ ಕಲ್ಲಿಗೆ ಹಚ್ಚುವುದು ಅವರ ಮನೆತನದ ಪದ್ಧತಿಯಾಗಿತ್ತು. ಎಷ್ಟು ತಲೆಮಾರಿನದೆಂದು ಕೇಳಿದೆ. ಅವರು ಕೈ ಬೆರಳು ಎಣಿಸಿ, ಏಳರ ನಂತರ ಕೈಬಿಟ್ಟರು. ಕಲ್ಲಿನ ಮೇಲೆ ಎಣ್ಣೆ ಒಣಗಿ ಒಣಗಿ, ನಾಯಿಯ ಹಳೆಯ ಗಾಯದ ಹಕ್ಕಳೆಯಂಥ ಕಂದು ಪದರ ಕಟ್ಟಿತ್ತು. ಅದರಡಿ ಅಕ್ಷರಗಳಿವೆ ಎಂದಷ್ಟೇ ಗೊತ್ತಾಗುತ್ತಿತ್ತು. ಅಜ್ಞಾನ ಎಂಬ ಪದವನ್ನು ನಾನು ಆಗಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ.

ಚೀಲದಿಂದ ತಂತಿಯ ಬ್ರಷ್ಷು ತೆಗೆದೊಡನೆ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಜಿಡ್ಡು ಸ್ಪರ್ಶಕ್ಕೆ ಮೈ ಜುಮ್ಮೆಂದಿತು.

“ತಿಕ್ಕಬ್ಯಾಡ್ರಿ. ಇದು ಕಲ್ಲಿನ ತೊಗಲು ಐತಿ. ತೊಗಲು ಸುಲಿದ್ರ ಉಳ್ಳಾಗಡ್ಡಿ ಹಂಗ ಪದರ ಪದರ ಬಿಚ್ಚತೈತಿ ಅಂತ ನಮ್ಮ ಮುತ್ತ್ಯಾ ಹೇಳತಿದ್ದ.”

“ಮತ್ತ ಓದೂದು ಹೆಂಗ್ರಿ?”

“ಬೆರಳಾಡಿಸಿ ನೋಡ್ರಿ. ಎಣ್ಣಿ ಹಚ್ಚೂವಾಗ ನನಗ ಎಲ್ಲಾ ಅಕ್ಷರ ಕೈಗೆ ಹತ್ತತಾವು. ಓದಾಕ ಬರೂದಿಲ್ಲ, ಅಷ್ಟ.”

“ಆತು ಬಿಡ್ರಿ, ತಿಕ್ಕೂದಿಲ್ಲ” ಎಂದೆ. ಅವರು ಹಗುರಾದರು. ಅಷ್ಟು ದೂರದಿಂದ ಬಂದವರು ಹಸಿದು ಹೋಗಬಾರದು, ಮನೆಗೆ ಹೋಗಿ ರೊಟ್ಟಿ ತರುತ್ತೇನೆ ಎಂದು ಕೆರೆಯ ಏರಿ ಹಿಡಿದು ಊರಿನತ್ತ ನಡೆದರು. ಊರು ಒಂದು ಮೈಲಿಯಾಚೆ ಇತ್ತು. ಅವರ ತಲೆಯ ರುಮಾಲು ಏರಿಯ ತಿರುವಿನಲ್ಲಿ ಮರೆಯಾಗುವವರೆಗೆ ಕಾದೆ. ಆಮೇಲೆ ಬಟ್ಟೆಯನ್ನು ಚೀಲದಲ್ಲಿ ತಂದಿದ್ದ ಸೀಮೆಎಣ್ಣೆಯಲ್ಲಿ ಅದ್ದಿ ಕಲ್ಲಿಗೆ ಒತ್ತಿ ಹಿಡಿದು, ಪದರ ಮೆತ್ತಗಾದಂತೆ ತಂತಿಯ ಬ್ರಷ್ಷಿನಿಂದ ತಿಕ್ಕಿದೆ. ಕಂದು ಜಿಡ್ಡು ಎಳೆ ಎಳೆಯಾಗಿ ನನ್ನ ಕೈಗೆ, ಅಂಗಿಗೆ ಮೆತ್ತಿಕೊಂಡಿತು. ಅದರೊಡನೆ ಬೂದು ಬಣ್ಣದ ಪುಡಿಯೂ ಉದುರುತ್ತಿತ್ತು. ಅದು ಕಲ್ಲಿನದೇ ಪುಡಿ. ಬಳಪದಂತೆ ಮೃದುವಾದ ಪದರುಗಲ್ಲು ಎಂದು ನನಗೆ ತಿಳಿಯಿತು, ತಿಳಿದೂ ನಿಲ್ಲಿಸಲಿಲ್ಲ. ಏಕೆಂದರೆ ಅಕ್ಷರಗಳು ಏಳುತ್ತಿದ್ದವು, ಎಷ್ಟು ಸ್ಫುಟವಾಗಿ...

ಅವರು ರೊಟ್ಟಿಯ ಗಂಟು ಹಿಡಿದು ಬಂದಾಗ ಕಲ್ಲು ಬೋಳಾಗಿ ನಿಂತಿತ್ತು.

“ಮಾತು ಕೊಟ್ಟಿದ್ರಲ್ರಿ” ಎಂದರು.

ಗಂಟನ್ನು ಕೆಳಗಿಟ್ಟು, ದೀಪದ ಎಣ್ಣೆಯಲ್ಲಿ ಹೆಬ್ಬೆರಳು ಅದ್ದಿಕೊಂಡು ಕಲ್ಲಿಗೆ ಹಚ್ಚಲು ಹೋದರು. ಮೊದಲು ಅಚ್ಚು ತೆಗೆಯಬೇಕು ಎಂದು ನಾನು ತಡೆದೆ. ಒದ್ದೆ ಕಾಗದ ಹಾಸುತ್ತಿದ್ದಾಗ ಗುಡ್ಡದ ಗಾಳಿ ಮಂಟಪಕ್ಕೆ ನುಗ್ಗಿ ಅದರ ಮೂಲೆಯನ್ನು ಎಬ್ಬಿಸಿತು. ನಾನು ಎರಡೂ ಕೈಗಳಿಂದ ಒದ್ದಾಡುತ್ತಿರುವುದನ್ನು ಕಂಡು ಅವರು ಹತ್ತಿರ ಬಂದು, “ಹಿಡೀತೀನಿ ತಗೋರಿ, ಹರದ್ರ ಅದೂ ಹೋತು” ಎಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಕೆಲಸ ಮುಗಿಯುವವರೆಗೂ ಹಾಗೆಯೇ ನಿಂತಿದ್ದರು. ನನಗೆ ಆಗ ಕಂಡದ್ದು ಅವರ ಉಗುರಿನ ಜಿಡ್ಡು ಮಾತ್ರ. ನನ್ನ ಕಾಗದಕ್ಕೆ ಕಲೆಯಾಗುತ್ತದಲ್ಲ ಎಂಬ ಸಿಟ್ಟು.

ಆಮೇಲೆ ಅದೇ ಕೈಯಿಂದ ಜೋಳದ ರೊಟ್ಟಿ, ಝುಣಕ, ಕೆಂಪು ಚಟ್ನಿ ಬಡಿಸಿದರು. ರೊಟ್ಟಿಯ ಮೇಲೆ ಬೆರಳಿನ ಎಣ್ಣೆ ಹೊಳೆಯುತ್ತಿತ್ತು. ಒಂದು ತುತ್ತೂ ಇಳಿಯಲಿಲ್ಲ. ದಾರಿಯಲ್ಲಿ ತಿನ್ನುತ್ತೇನೆಂದು ಕಟ್ಟಿಕೊಂಡು ಹೊರಟು, ಗುಡ್ಡದ ನೆತ್ತಿಯಲ್ಲಿ ಬಂಡಿ ನಿಲ್ಲಿಸಿ ಆ ರೊಟ್ಟಿಯನ್ನು ಹುಲ್ಲಿಗೆ ಎಸೆದೆ. ಬೆಟಗೇರಿ ಮುಟ್ಟಿ ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದೆ. ಹೇಸಿಗೆ ಎಂಬುದು ಎಷ್ಟು ಕುರುಡು! ನನ್ನ ಕೈಯಿಂದ ಬರುತ್ತಿದ್ದದ್ದು ಸೀಮೆಎಣ್ಣೆಯ ನಾತ. ನಾನು ಬೈದುಕೊಂಡದ್ದು ಕುಸುಬಿ ಎಣ್ಣೆಯನ್ನು.

ಶಾಸನ ಸಲೀಸಾಗಿ ಓದಿಸಿಕೊಂಡಿತು. ಆ ಗುಡಿಯ ದೇವರ ದೀಪಕ್ಕೆ ಊರಿನ ಗಾಣಿಗರು ಎಣ್ಣೆ ಕೊಡಬೇಕೆಂಬ ದತ್ತಿ ಅದರ ವಿಷಯ. ದತ್ತಿ ಕೊಟ್ಟವರ ಹೆಸರಿತ್ತು, ಕೆತ್ತಿದವನ ಹೆಸರಿತ್ತು. ಕಾಲ ಹೇಳುವ ಸಾಲು ಮಾತ್ರ ತಾಳೆಯಾಗಲಿಲ್ಲ. ಶಕವರ್ಷಕ್ಕೆ ಸಂವತ್ಸರ ಹೊಂದಿದರೆ ವಾರ ಹೊಂದುತ್ತಿರಲಿಲ್ಲ. ವಾರ ಹೊಂದಿಸಿದರೆ ವರ್ಷವೇ ಜಾರುತ್ತಿತ್ತು. ಪಡಿಯಚ್ಚಿನಲ್ಲಿ ಎರಡು ಅಕ್ಷರ ಮಸುಕಾಗಿದ್ದವು. ಕಲ್ಲನ್ನೇ ಮತ್ತೆ ನೋಡಬೇಕಿತ್ತು.

ಎರಡು ಮಳೆಗಾಲ ಕಳೆದ ಮೇಲೆ, ೧೯೮೧ರ ಚಳಿಗಾಲದಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆ.

“ಬರ್ರಿ ಕಲ್ಲಿನ ಡಾಕ್ಟರ್ರ” ಎಂದರು ಪೂಜಾರಿ, ಕುಳಿತಲ್ಲಿಂದ ಏಳದೆ. “ತಡಾ ಮಾಡಿದ್ರಿ. ರೋಗಿ ಸತ್ತು ಒಂದ್ ವರ್ಷಾತು.”

ಕಲ್ಲಿನ ಮುಖ ಅಂಗೈಯಗಲದ ಬಿಲ್ಲೆಗಳಾಗಿ ಕಳಚಿಬಿದ್ದಿತ್ತು. ಕಾಲದ ಸಾಲು ಇದ್ದ ಜಾಗದಲ್ಲಿ ಒರಟು ಬೂದು ಗಾಯ. ಉದುರಿದ ಚೂರುಗಳನ್ನು ಅವರು ಒಂದು ಬುಟ್ಟಿಯಲ್ಲಿ ಆಯ್ದಿಟ್ಟಿದ್ದರು. ಬೆರಳಿಗೆ ಹತ್ತಿದರೆ ಹಿಟ್ಟಾಗುತ್ತಿದ್ದವು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುವ ಜಾತಿಯದೆಂದೂ, ಅಂಥ ಸಡಿಲ ಕಲ್ಲನ್ನು ಹಿಡಿದಿಟ್ಟದ್ದು ಆ ಪೊರೆಯೇ ಇರಬೇಕೆಂದೂ ರಸಾಯನಶಾಸ್ತ್ರದ ಸ್ನೇಹಿತರೊಬ್ಬರು ನನಗೆ ಹೇಳಿದ್ದು ಆಮೇಲೆ. ಮುತ್ತ್ಯಾ ಹೇಳಿದ್ದು ಅದನ್ನೇ.

“ಮತ್ತ ಮತ್ತ ಎಣ್ಣಿ ಹಚ್ಚಿದೆ, ಹತ್ತಲಿಲ್ರಿ. ಊರ ಮಂದಿ ನನ್ನ ಕಡೆ ಬೆರಳ ಮಾಡ್ತಾರು, ಏಳು ತಲಿ ಕಾಯ್ದ ಕಲ್ಲು ನಿನ್ನ ಕೈಯಾಗ ಸತ್ತಿತು ಅಂತ. ನೀವು ಬರಿಯೂವಾಗ ಖರೆ ಬರೀರಿ, ಅಷ್ಟ ಸಾಕು. ಅಚ್ಚಾಗಿದ್ದನ್ನ ಮಂದಿ ನಂಬ್ತಾರು.”

“ಬರೀತೀನ್ರಿ” ಎಂದೆ.

ಬರೆದದ್ದು ಹೀಗೆ. ೧೯೮೩ರಲ್ಲಿ ಅಚ್ಚಾದ ನನ್ನ ಲೇಖನದ ಮೂರನೆಯ ಅಡಿಟಿಪ್ಪಣಿಯನ್ನು ಈಗ ಮುಂದಿಟ್ಟುಕೊಂಡು ನಕಲು ಮಾಡುತ್ತಿದ್ದೇನೆ: ‘ಅರ್ಚಕರು ಅಜ್ಞಾನದಿಂದ ಎಣ್ಣೆ ಲೇಪಿಸುತ್ತ ಬಂದುದರಿಂದ ಶಾಸನದ ಕಾಲಸೂಚಕ ಭಾಗ ಸಂಪೂರ್ಣ ನಷ್ಟವಾಗಿದೆ.’ ವ್ಯಾಕರಣ ಶುದ್ಧ, ವಾಕ್ಯ ಬಿಗಿ. ಕೊಳಚೆಯನ್ನು ಇಷ್ಟು ಶುಭ್ರವಾಗಿ ಬರೆಯಬಹುದೆಂದು ಇದನ್ನು ಓದಿದಾಗಲೆಲ್ಲ ಅನಿಸುತ್ತದೆ. ನನ್ನ ನಂತರದವರು ಅದನ್ನು ಹಾಗೆಯೇ ಎತ್ತಿಕೊಂಡಿದ್ದಾರೆ. ಯಾರೂ ಕಲ್ಲನ್ನು ಹೋಗಿ ನೋಡಲಿಲ್ಲ.

೧೯೮೫ರಲ್ಲಿ, ದಿನಚರಿಗೂ ಬಸ್ಸಿನ ಟಿಕೆಟ್ಟಿಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ, ಮುಂಡರಗಿಯ ಚಹಾದಂಗಡಿಯೊಂದರಲ್ಲಿ ಆ ಊರಿನ ರೈತರೊಬ್ಬರು ಪಕ್ಕದಲ್ಲಿ ಕುಳಿತಿದ್ದರು. ಪೂಜಾರಿ ಹೇಗಿದ್ದಾರೆಂದು ಕೇಳಿದೆ. ನಾನು ಯಾರೆಂದು ಹೇಳಲಿಲ್ಲ.

“ಗುಡಿ ಕೀಲಿ ಕಸ್ಕೊಂಡ್ರಲ್ರಿ. ಯಾರೋ ಸಾಹೇಬ್ರು ಬರದಿದ್ರಂತ, ಇಂವ ಎಣ್ಣಿ ಹಚ್ಚಿ ಹಚ್ಚಿ ಕಲ್ಲ ಕೆಡಿಸ್ಯಾನ ಅಂತ. ಸಾಲಿ ಮಾಸ್ತರ್ ಕಟ್ಟಿ ಮ್ಯಾಲ ಓದಿ ತೋರಿಸಿದ್ರು. ಹಿರ್‍ಯಾರು ಸೇರಿ ಪೂಜಿ ಬ್ಯಾರೆ ಮನಿತನಕ್ಕ ಕೊಟ್ರು.”

“ಅವರು ಏನಂದ್ರು?”

“ಏನಂತಾನ? ಆ ಫಟ್‌ಫಟಿ ಸಾಹೇಬ್ರು ಖರೆ ಬರೀತೀನಿ ಅಂದಾರು, ಇದು ಬ್ಯಾರೆ ಯಾರೋ ಬರದದ್ದು, ಅವರದು ಇನ್ನೂ ಬರೂದೈತಿ ಅಂದ. ಹ್ವಾದ ವರ್ಷ ತೀರಿಕೊಂಡ. ಸಾಯೂತನಾ ಅದನ್ನ ಅಂದ ನೋಡ್ರಿ, ಖೋಡಿ ಮುದುಕ.”

ಆ ರೈತರು ನಕ್ಕರು. ನನ್ನ ಬಸಿಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತು. ಅಲ್ಲಿಂದ ಆ ಊರಿಗೆ ಬಸ್ಸಿತ್ತು. ನಾನು ಗದಗಿನ ಬಸ್ಸು ಹತ್ತಿದೆ. ತಿದ್ದುಪಡಿ ಬರೆಯಲಿಲ್ಲ. ಶಾಸನದ ಕಾಲವನ್ನು ಮಾತ್ರ ಮುಂದೆ ಎರಡು ಸಲ ಪರಿಷ್ಕರಿಸಿ ಪ್ರಕಟಿಸಿದೆ, ಅಡಿಟಿಪ್ಪಣಿಯನ್ನು ಮುಟ್ಟಲಿಲ್ಲ...

ಈಗ ಬಿಡಿ ಲೇಖನಗಳನ್ನು ಸಂಪುಟವಾಗಿ ತರುವ ಕೆಲಸ ನಡೆದಿದೆ. ಕೊಳವೆ ತೆರೆದದ್ದು ಅದಕ್ಕಾಗಿ. ಮರುದಿನ ಮತ್ತೆ ಮುಚ್ಚಳ ತೆಗೆದು, ಪಡಿಯಚ್ಚನ್ನು ಕಿಟಕಿಗೆ ಹಿಡಿದು ನೋಡಿದೆ. ಮಸಿಯ ಕಾಗದ ಬೆಳಕನ್ನು ಬಿಡುವುದಿಲ್ಲ. ಬಲಗಡೆಯ ಕೆಳಮೂಲೆಯಲ್ಲಿ ಮಾತ್ರ ಕಾಗದ ಎಣ್ಣೆ ಕುಡಿದು ಪಾರದರ್ಶಕವಾಗಿದೆ, ಹೆಬ್ಬೆರಳಿನ ಗಾತ್ರಕ್ಕೆ. ಹಿಂದಿನ ನೀರಿನ ಟಾಕಿ, ತಂತಿಯ ಮೇಲಿನ ಕಾಗೆ ಅದರೊಳಗಿಂದ ಕಾಣುತ್ತಿದ್ದವು. ಪೂಜಾರಿ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದದ್ದು ಸೋಮವಾರ ಮಾತ್ರ; ನಾನು ಹೋದಾಗ ಅವರು ಹಚ್ಚುತ್ತಿದ್ದರು. ಹಾಗಾಗಿ ನಾನು ಹೋದದ್ದು ಸೋಮವಾರವೇ. ಪೆಟ್ರೋಲಿನ ಚೀಟಿಯೇ ತಪ್ಪು. ತಾರೀಖು ಇತ್ಯರ್ಥವಾಯಿತು.

ಮೂರನೆಯ ಅಡಿಟಿಪ್ಪಣಿಯನ್ನು ಹೊಡೆದುಹಾಕಿ, ಕಲ್ಲನ್ನು ಕೆಡಿಸಿದವನು ಈ ಲೇಖಕನೇ ಎಂದು ಬರೆದಿದ್ದೇನೆ. ಅದರ ಕೊನೆಗೆ, ಕಲ್ಲನ್ನು ಕಾಯ್ದವರು ಇಂಥವರು ಎಂಬ ವಾಕ್ಯವನ್ನೂ ಸೇರಿಸಲು ಕುಳಿತೆ. ಒಂಬೈನೂರು ವರ್ಷ ಹಿಂದಿನ ಗಾಣಿಗರ ಹೆಸರುಗಳು ನನಗೆ ಬಾಯಿಪಾಠ. ಆ ಪೂಜಾರಿಯ ಹೆಸರನ್ನು ನಾನು ಕೇಳಿರಲಿಲ್ಲ. ಕರಡಿನಲ್ಲಿ ಆ ಜಾಗ ಇನ್ನೂ ಖಾಲಿಯಿದೆ.